ಹಂಪಿಯ ಫೋಟೋಗಳು ಚಪ್ಪಟೆಯಾಗಿ ಬಂದಿವೆ. ಬೆಳಕು ನೋಡೋದನ್ನ ನೀವು ಹೇಗೆ ಕಲಿತಿರಿ?

ಕೇಳಿದವರು: ಮೈಸೂರಿನ ಒಬ್ಬ ವಿದ್ಯಾರ್ಥಿನಿ

ನಾನು ಫೋಟೋಗ್ರಫಿ ಎರಡನೇ ವರ್ಷದಲ್ಲಿದ್ದೇನೆ. ಈ ಸಲ ಲ್ಯಾಂಡ್‌ಸ್ಕೇಪ್ ವಿಷಯಕ್ಕೆ 12 ಫೋಟೋ ಕೊಡಬೇಕು. ಅಕ್ಟೋಬರ್ ಕೊನೆಯಲ್ಲಿ ಎರಡು ದಿನ ಹಂಪಿಗೆ ಹೋಗಿದ್ದೆ. ಸುಮಾರು 600 ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ಒಂದೂ ಮನಸ್ಸಿಗೆ ಹಿಡಿಸಲಿಲ್ಲ. ಅಲ್ಲಿ ನಿಂತಾಗ ಮೈ ಜುಮ್ಮೆನಿಸಿದ ಬಂಡೆಗಳು ಫೋಟೋದಲ್ಲಿ ಒಂದಕ್ಕೊಂದು ಅಂಟಿಕೊಂಡ ಬೂದು ರಾಶಿಯ ಹಾಗೆ ಕಾಣುತ್ತಿವೆ. ಆಕಾಶ ಪೂರ್ತಿ ಬಿಳಿ. ರೂಲ್ ಆಫ್ ಥರ್ಡ್ಸ್ (ಫ್ರೇಮನ್ನು ಮೂರು ಮೂರು ಭಾಗ ಮಾಡಿ, ಮುಖ್ಯವಾದದ್ದನ್ನು ಆ ಗೆರೆಗಳ ಮೇಲೆ ಇಡೋದು) ಪಾಲಿಸಿದ್ದೆ. ಗೋಲ್ಡನ್ ಅವರ್‌ನಲ್ಲೇ, ಅಂದರೆ ಸೂರ್ಯ ಹುಟ್ಟಿದ ಮೇಲೆ ಅಥವಾ ಮುಳುಗುವ ಮುಂಚೆ ಸಿಗೋ ಹೊಂಬಿಸಿಲಿನಲ್ಲೇ, ತೆಗೆದಿದ್ದೆ ಅಂದುಕೊಂಡಿದ್ದೆ. ಕ್ಯಾಮೆರಾ ಕ್ರಾಪ್ ಸೆನ್ಸರ್‌ನದು (ಸೆನ್ಸರ್ ಸಣ್ಣದು), ಅದರ ಜೊತೆ ಬಂದ 18-55 ಎಂಎಂ ಜೂಮ್ ಲೆನ್ಸ್ ಒಂದೇ ಇದೆ. ಹೊಸ ಲೆನ್ಸ್ ಕೊಳ್ಳುವಷ್ಟು ದುಡ್ಡಿಲ್ಲ. ಬೆಳಕು, ಕಾಂಪೊಸಿಷನ್ (ಫ್ರೇಮಿನಲ್ಲಿ ಏನನ್ನು ಎಲ್ಲಿ ಇಡೋದು) ಎರಡನ್ನೂ ನೀವೆಲ್ಲ ಹೇಗೆ ಕಲಿತಿರಿ, ಹೇಳ್ತೀರಾ?

ಹೊಸಪೇಟೆಯಿಂದ

ನಿಮ್ಮ ಪ್ರಶ್ನೆ ಓದಿ ನನ್ನ ಮೊದಲ ಎರಡು ವರ್ಷ ನೆನಪಾಯಿತು. ಮನೆಯಿಂದ ಹಂಪಿಗೆ ಅರ್ಧ ಗಂಟೆ ದಾರಿ. ಆದರೂ ನನ್ನ ಬಂಡೆಗಳೂ ಹೀಗೇ ಅಂಟಿಕೊಂಡೇ ಬರುತ್ತಿದ್ದವು.

ಮೊದಲು ಗೋಲ್ಡನ್ ಅವರ್ ವಿಷಯ. ಆ ಮಾತು ನಮಗೆ ಬಂದಿರೋದು ಹೊರದೇಶದ ವಿಡಿಯೋಗಳಿಂದ. ಅಲ್ಲಿ ಸೂರ್ಯ ಓರೆಯಾಗಿ, ನಿಧಾನಕ್ಕೆ ಏರುತ್ತಾನೆ. ಹಂಪಿ ಇರೋದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಹೆಚ್ಚುಕಡಿಮೆ ನೆಟ್ಟಗೆ ಮೇಲೇರುತ್ತಾನೆ. ಮಾರ್ಚ್ ಅಥವಾ ಸೆಪ್ಟೆಂಬರ್‌ನಲ್ಲಿ ಲಂಡನ್‌ನಲ್ಲಿ ಸೂರ್ಯ ಹುಟ್ಟಿ 6 ಡಿಗ್ರಿ ಏರಲು ಹತ್ತಿರಹತ್ತಿರ 40 ನಿಮಿಷ ಬೇಕು. ಹಂಪಿಯಲ್ಲಿ 25 ನಿಮಿಷ ಸಾಕು. ಅಂದರೆ ಹೆಸರಲ್ಲಿ ಮಾತ್ರ ಅವರ್ ಇದೆ, ನಮಗೆ ಸಿಗೋ ಹೊಂಬಿಸಿಲು ಅರ್ಧ ಗಂಟೆಯೂ ಇರಲ್ಲ. ಆ ಹೊತ್ತಲ್ಲಿ ಅಲ್ಲಿ ಇಲ್ಲಿ ಓಡಾಡಿ ಫ್ರೇಮ್ ಹುಡುಕುತ್ತಾ ಕೂತರೆ ಬೆಳಕು ಮುಗಿದೇ ಹೋಗುತ್ತದೆ. ಹಾಗಾಗಿ ಫ್ರೇಮನ್ನು ನಾನು ಹಿಂದಿನ ಸಂಜೆಯೇ ಹುಡುಕಿ ಇಟ್ಟಿರುತ್ತೇನೆ. ಬೆಳಿಗ್ಗೆ ಸೂರ್ಯ ಹುಟ್ಟೋಕೆ 40 ನಿಮಿಷ ಮುಂಚೆ ಅದೇ ಜಾಗದಲ್ಲಿ ಹೋಗಿ ನಿಲ್ಲೋದು, ಅಷ್ಟೇ.

ಇನ್ನು ಬಂಡೆ ಅಂಟಿಕೊಳ್ಳೋದು ಯಾಕೆ? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಹಂಪಿಯ ಮಾತಂಗ ಬೆಟ್ಟದ ಮೇಲೆ. ಬೆಳಿಗ್ಗೆ ಅಲ್ಲಿ ಹತ್ತಿದವರೆಲ್ಲ ಪೂರ್ವಕ್ಕೇ ಕ್ಯಾಮೆರಾ ತಿರುಗಿಸುತ್ತಾರೆ. ಮೂರು ಸಲ ನಾನೂ ಅದನ್ನೇ ಮಾಡಿದ್ದೆ. ನಾಲ್ಕನೇ ಸಲ ಪೂರ್ವದಲ್ಲಿ ಮೋಡ. ಸೂರ್ಯ ಕಾಣಲೇ ಇಲ್ಲ. ಬೇಜಾರಲ್ಲಿ ಎಡಕ್ಕೆ ತಿರುಗಿ ಉತ್ತರ ದಿಕ್ಕಿನಲ್ಲಿ, ಕೆಳಗಿನ ಅಚ್ಯುತರಾಯ ದೇವಸ್ಥಾನ ನೋಡುತ್ತಾ ಕೂತೆ. ಆಗ ಮೋಡದ ಸಂದಿಯಿಂದ ಬಿಸಿಲು ಬಿತ್ತು. ಗೋಪುರದ ಬಲಗಡೆ ಬೆಳಗಿತು, ಎಡಗಡೆ ನೆರಳಾಯಿತು. ಮುಂದಿನ ಬಜಾರ್ ಬೀದಿಯ ಕಂಬಗಳ ನೆರಳು ಉದ್ದಕ್ಕೆ ಪಡುವಣಕ್ಕೆ ಚಾಚಿತು. ಅದರ ಸುತ್ತ ಇದ್ದ ಒಂದೊಂದು ಬಂಡೆಯೂ ಬೇರೆ ಬೇರೆಯಾಗಿ ಎದ್ದು ನಿಂತಿತು. ಅಷ್ಟು ದಿನ ನನಗೆ ಅವೆಲ್ಲ ಒಂದೇ ಗುಡ್ಡೆಯಾಗಿ ಕಂಡಿದ್ದವು.

ಕಾರಣ ಸರಳ. ಸೂರ್ಯ ನಮ್ಮ ಬೆನ್ನ ಹಿಂದೆ ಇದ್ದರೆ ಬಂಡೆಯ ನೆರಳು ಬಂಡೆಯ ಹಿಂದೆಯೇ ಅಡಗುತ್ತದೆ. ಮುಂದಿನ ಕಲ್ಲು, ಹಿಂದಿನ ಕಲ್ಲು ಎರಡಕ್ಕೂ ಒಂದೇ ಬೆಳಕು. ಕಣ್ಣಿಗೆ ಅಂತರ ಗೊತ್ತಾಗುತ್ತದೆ, ಯಾಕೆಂದರೆ ನಮಗೆ ಎರಡು ಕಣ್ಣಿದೆ, ನಾವು ತಲೆ ಆಡಿಸುತ್ತಲೂ ಇರುತ್ತೇವೆ. ಕ್ಯಾಮೆರಾಗೆ ಇರೋದು ಒಂದೇ ಕಣ್ಣು. ಬೆಳಕು ಪಕ್ಕದಿಂದ ಬಂದರೆ ಪ್ರತಿ ಕಲ್ಲಿಗೂ ತನ್ನದೇ ನೆರಳು, ಎರಡು ಕಲ್ಲುಗಳ ನಡುವೆ ಒಂದು ಕಪ್ಪು ಗೆರೆ. ನಿಮ್ಮ 600 ಫೋಟೋಗಳನ್ನು ಮತ್ತೆ ತೆಗೆದು, ಪ್ರತಿಯೊಂದರಲ್ಲೂ ನೆರಳು ಯಾವ ಕಡೆ ಬಿದ್ದಿದೆ ಅಂತ ಮಾತ್ರ ನೋಡಿ. ಚಪ್ಪಟೆ ಅನ್ನಿಸಿದ ಹೆಚ್ಚಿನವುಗಳಲ್ಲಿ ನೆರಳೇ ಕಾಣಲಿಕ್ಕಿಲ್ಲ.

ಹಾಗಂತ ಬೆನ್ನ ಹಿಂದಿನ ಬೆಳಕು ಬೇಡವೇ ಬೇಡ ಅಂತ ನಾನು ಹೇಳಲ್ಲ. ವಿರೂಪಾಕ್ಷ ದೇವಸ್ಥಾನದ ದೊಡ್ಡ ಗೋಪುರ ಪೂರ್ವಕ್ಕೆ ಮುಖ ಮಾಡಿದೆ. ಎಳೆಬಿಸಿಲು ನೇರವಾಗಿ ಅದರ ಮೈಮೇಲೆ ಬೀಳುತ್ತದೆ. ಸುತ್ತಲಿನ ಜಾಗ ಇನ್ನೂ ಮಬ್ಬಾಗಿರುವಾಗ ಗೋಪುರ ಒಂದೇ ಹೊಳೆಯುತ್ತದೆ. ಆ ಐದು ನಿಮಿಷ ಚೆನ್ನಾಗಿರುತ್ತದೆ.

ಬಿಳಿ ಆಕಾಶಕ್ಕೆ ಎಲ್ಲರೂ ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಎಷ್ಟು ಬೆಳಕು ಬಿಡೋದು) ಪಾಠ ಹೇಳುತ್ತಾರೆ. ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆಯಿರಿ, ಆಕಾಶದ ಬೆಳಕಿಗೆ ಎಕ್ಸ್‌ಪೋಷರ್ ಹೊಂದಿಸಿ, ನೆರಳಿನ ಭಾಗವನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಬೆಳಗಿಸಿ ಅಂತ. ಅದೂ ಸರಿಯೇ. ಆದರೆ ನಾನು ಹೇಳೋದು ಬೇರೆ. ಆಕಾಶದಲ್ಲಿ ಏನೂ ಇಲ್ಲದಿದ್ದರೆ ಅದನ್ನು ಫ್ರೇಮಿನಿಂದ ತೆಗೆದುಹಾಕಿ. ನಿಮ್ಮ ಲೆನ್ಸನ್ನು 55ರ ಕಡೆಗೆ, ಅಂದರೆ ದೂರದ್ದು ದೊಡ್ಡದಾಗಿ ಕಾಣೋ ಕಡೆಗೆ, ತಿರುಗಿಸಿ. 18ರಲ್ಲಿ ದೂರದ ಬಂಡೆ ಸಾಲು ಜಲ್ಲಿಕಲ್ಲಿನಷ್ಟು ಸಣ್ಣದಾಗುತ್ತದೆ. 50, 55ರಲ್ಲಿ ಗುಡ್ಡದ ಮೇಲೆ ಗುಡ್ಡ ಪೇರಿಸಿದ ಹಾಗೆ ಬರುತ್ತದೆ. ಲ್ಯಾಂಡ್‌ಸ್ಕೇಪ್ ಅಂದರೆ ವೈಡ್ ಲೆನ್ಸೇ ಬೇಕು ಅನ್ನೋದನ್ನ ಬಿಟ್ಟ ಮೇಲೆಯೇ ನನ್ನ ಕಾಂಪೊಸಿಷನ್ ಸುಧಾರಿಸಿದ್ದು. ಹೊಸ ಲೆನ್ಸ್ ಖಂಡಿತ ಬೇಡ.

18ರಲ್ಲೇ ತೆಗೆಯುವಾಗ ಮುಂದೆ ಏನಾದರೂ ಇರಲಿ. ಬಂಡೆಯ ಬಿರುಕು, ಒಣಹುಲ್ಲು, ನೀರು ನಿಂತ ಗುಂಡಿ, ಏನಾದರೂ ಸರಿ. ಅಪರ್ಚರ್ (ಲೆನ್ಸಿನ ಒಳಗಿನ ಕಿಂಡಿ) ಎಫ್ 8 ಇಟ್ಟು ಎರಡು ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ, ನಿಮ್ಮ ಸೆನ್ಸರ್‌ನಲ್ಲಿ ಸುಮಾರು ಒಂದು ಮೀಟರ್‌ನಿಂದ ದೂರದ ಬೆಟ್ಟದವರೆಗೆ ಎಲ್ಲ ಸ್ಪಷ್ಟವಾಗಿ ಬರುತ್ತದೆ. ಎಫ್ 22ರವರೆಗೆ ಹೋಗಬೇಡಿ, ಕಿಂಡಿ ತೀರಾ ಸಣ್ಣದಾಗಿ ಇಡೀ ಫೋಟೋ ಸ್ವಲ್ಪ ಮಸುಕಾಗುತ್ತದೆ.

ತಿಂಗಳೂ ಮುಖ್ಯ. ಉತ್ತರಾಯಣ, ದಕ್ಷಿಣಾಯನ ಅಂತ ಪಂಚಾಂಗದಲ್ಲಿ ನೋಡ್ತೀವಲ್ಲ, ಅದು ನಮ್ಮ ಕೆಲಸಕ್ಕೇ ಬರೆದಿಟ್ಟ ಹಾಗಿದೆ. ಮೇ ಮೊದಲ ವಾರದಲ್ಲಿ ಹಂಪಿಯ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಕಲ್ಲಿನ ನೆರಳು ಕಲ್ಲಿನ ಕೆಳಗೇ. ಡಿಸೆಂಬರ್ ಕೊನೆಯಲ್ಲಿ ಮಧ್ಯಾಹ್ನವೂ ಅವನು 51 ಡಿಗ್ರಿಗಿಂತ ಮೇಲೆ ಹೋಗಲ್ಲ. ಆಗ ಬೆಳಿಗ್ಗೆ ಒಂಬತ್ತರಲ್ಲೂ ಕೆಲಸ ಮಾಡಬಹುದು. ಸೂರ್ಯ ಹುಟ್ಟುವ ಜಾಗವೂ ಜೂನ್‌ಗೂ ಡಿಸೆಂಬರ್‌ಗೂ ನಡುವೆ ಸುಮಾರು 48 ಡಿಗ್ರಿ ಸರಿಯುತ್ತದೆ. ಜೂನ್‌ನಲ್ಲಿ ಪಕ್ಕದ ಬೆಳಕು ಸಿಕ್ಕಿದ ಫ್ರೇಮ್‌ಗೆ ಡಿಸೆಂಬರ್‌ನಲ್ಲಿ ಅದೇ ಬೆಳಕು ಸಿಗಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಒಂದು ಅಭ್ಯಾಸ. ಹಂಪಿಯ ಹೇಮಕೂಟ ಬೆಟ್ಟದ ಮೇಲೆ ಒಂದೇ ಜಾಗದಲ್ಲಿ ಕೂತೆ. ಒಂದೇ ಫ್ರೇಮ್. ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ ಹತ್ತು ನಿಮಿಷಕ್ಕೊಂದು ಫೋಟೋ. ಅವನ್ನು ಸಣ್ಣದಾಗಿ ಪ್ರಿಂಟ್ ಹಾಕಿಸಿ, ಸಮಯ ಬರೆದು ನೋಟ್‌ಬುಕ್ಕಿಗೆ ಅಂಟಿಸಿದೆ. ಕಲ್ಲು ಯಾವಾಗ ಉಬ್ಬುತ್ತದೆ, ಯಾವಾಗ ಬಣ್ಣ ಬರುತ್ತದೆ, ಯಾವ ನಿಮಿಷಕ್ಕೆ ಎಲ್ಲ ಆರಿಹೋಗುತ್ತದೆ, ಅಲ್ಲೇ ಕಾಣುತ್ತದೆ.

ಇನ್ನೊಂದು ವಿಷಯ ನಿಮಗೆ ಇಷ್ಟವಾಗಬಹುದು. ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನೋ ಬ್ರಿಟಿಷ್ ಸೇನಾಧಿಕಾರಿ 1856ರಲ್ಲೇ ಹಂಪಿಯ ಫೋಟೋ ತೆಗೆದಿದ್ದ. ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ಗಳು. ಒಂದು ಫೋಟೋಗೆ ಅಷ್ಟು ತಯಾರಿ ಬೇಕಾದಾಗ ಎಲ್ಲಿ ನಿಲ್ಲಬೇಕು ಅನ್ನೋದನ್ನ ಯೋಚಿಸದೆ ವಿಧಿಯೇ ಇರಲಿಲ್ಲ. 1980ರ ದಶಕದಲ್ಲಿ ಜಾನ್ ಗಾಲಿಂಗ್ಸ್ ಅನ್ನೋ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಅವನು ನಿಂತ ಜಾಗಗಳನ್ನೇ ಹುಡುಕಿ ಮತ್ತೆ ತೆಗೆದರು. ಆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ನೆರಳು ನೋಡಿದರೆ ಹೊತ್ತು ಯಾವುದು ಅಂತ ನೀವೇ ಊಹಿಸಬಹುದು. ನಾನು ಹಾಗೆ ನೋಡುತ್ತಾ ಒಂದು ಇಡೀ ಭಾನುವಾರ ಕಳೆದಿದ್ದೇನೆ.

ತೀರ್ಥಹಳ್ಳಿಯಿಂದ

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಅಪರೂಪ. ಆದರೂ ನನ್ನ ಒಳ್ಳೆಯ ಫೋಟೋಗಳೆಲ್ಲ ಆಗಿನವೇ. ಹೊಸಪೇಟೆಯವರು ನೆರಳಿನಿಂದ ಬಂಡೆಗಳನ್ನು ಬಿಡಿಸಿದ ಹಾಗೆ, ಇಲ್ಲಿ ಮಂಜು ಬೆಟ್ಟಗಳನ್ನು ಬಿಡಿಸುತ್ತದೆ. ಕುಂದಾದ್ರಿ ಬೆಟ್ಟದ ಮೇಲೆ ನಿಂತರೆ ಹತ್ತಿರದ ಕಾಡು ಕಡು ಹಸಿರು, ಅದರಾಚೆಯದು ತಿಳಿ, ಅದರಾಚೆಯದು ಬರೀ ಬೂದು. ಪದರ ಪದರವಾಗಿ ದೂರ ಗೊತ್ತಾಗುತ್ತದೆ.

ಮಂಜು ತೆಗೆಯುವಾಗ ಕ್ಯಾಮೆರಾ ಮೋಸ ಹೋಗುತ್ತದೆ. ಬೆಳ್ಳಗಿರೋದನ್ನ ಬೂದು ಮಾಡಿಬಿಡುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್‌ನಷ್ಟು, ಅಂದರೆ ಎರಡು ಪಟ್ಟು, ಹೆಚ್ಚಿಸಿ. ದುಡ್ಡು ಸ್ವಲ್ಪ ಕೂಡಿದರೆ ಲೆನ್ಸ್ ಬದಲು ಪೋಲರೈಸರ್ ಫಿಲ್ಟರ್ ತೊಗೊಳ್ಳಿ. ಒದ್ದೆ ಎಲೆ ಮೇಲಿನ ಬಿಳಿ ಹೊಳಪು ಹೋಗಿ ನಿಜವಾದ ಹಸಿರು ಬರುತ್ತದೆ. ಅಡಿಕೆ ತೋಟದ ಒಳಗೆ ಇದರ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. ಆದರೆ ಅದು ಒಂದೂವರೆ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ. ಮಬ್ಬಿನಲ್ಲಿ ಕೈ ನಡುಗಿದ ಹಾಗೆ ಬರಬಹುದು, ಮರಕ್ಕೋ ಬೇಲಿಗೂಟಕ್ಕೋ ಒರಗಿ ನಿಲ್ಲಿ.

ಒಂದು ಸಲ ಎಸಿ ಕಾರಿನಿಂದ ಇಳಿದವನೇ ಕ್ಯಾಮೆರಾ ಹೊರತೆಗೆದೆ. ಲೆನ್ಸ್ ಮೇಲೆಲ್ಲ ಹಬೆ. ಒರೆಸಿದಷ್ಟೂ ಮತ್ತೆ ಕೂತಿತು. ಅದು ಹೋಗುವಷ್ಟರಲ್ಲಿ ಕಣಿವೆಯ ಮಂಜು ಎದ್ದು ಹೋಗಿತ್ತು. ಇವತ್ತಿಗೂ ಅದು ನನಗೆ ಹೊಟ್ಟೆ ಉರಿಸುತ್ತದೆ. ಈಗ ಅರ್ಧ ಗಂಟೆ ಮುಂಚೆಯೇ ಎಸಿ ಆರಿಸಿ, ಕಿಟಕಿ ಇಳಿಸುತ್ತೇನೆ.

ಮಲ್ಪೆಯಿಂದ

ಎರಡೇ ಮಾತು. ನಮ್ಮ ಸಮುದ್ರ ಪಡುವಣಕ್ಕಿದೆ, ಹಾಗಾಗಿ ಸಂಜೆ ಬೆಳಕೆಲ್ಲ ಎದುರಿನಿಂದಲೇ. ಸೂರ್ಯ ಮುಳುಗಿದ ಕೂಡಲೇ ಜನ ಎದ್ದು ಹೋಗುತ್ತಾರೆ. ನೀವು ಇನ್ನೂ 20 ನಿಮಿಷ ಕೂತಿರಿ. ಅಲೆ ಹಿಂದೆ ಸರಿದಾಗ ಒದ್ದೆ ಮರಳಿನ ಮೇಲೆ ಆಕಾಶದ ಬಣ್ಣ ಪೂರ್ತಿ ಇಳಿದಿರುತ್ತದೆ. ಶಟರ್ ಅರ್ಧ ಸೆಕೆಂಡ್ ತೆರೆದಿಟ್ಟರೆ ಸರಿಯುವ ನೀರು ಗೆರೆ ಗೆರೆಯಾಗಿ ಬರುತ್ತದೆ, ಆ ಗೆರೆಗಳೇ ನಿಮ್ಮ ಕಾಂಪೊಸಿಷನ್. ಕ್ಯಾಮೆರಾ ಮೊಣಕಾಲಿನ ಮಟ್ಟಕ್ಕೆ ಇರಲಿ.

ಮತ್ತೆ ಮೈಸೂರಿನಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಳೇ ಫೋಟೋಗಳನ್ನು ನಿನ್ನೆ ರಾತ್ರಿ ಕೂತು ನೋಡಿದೆ. ಮೊದಲ 200ರಲ್ಲಿ ಪಕ್ಕದ ಬೆಳಕಿನವು ಒಂಬತ್ತು ಮಾತ್ರ. ಆ ಒಂಬತ್ತರಲ್ಲಿ ಬಂಡೆಗಳು ನಿಜಕ್ಕೂ ಬಿಡಿಬಿಡಿಯಾಗಿವೆ! ಸಂಕ್ರಾಂತಿ ರಜೆಯಲ್ಲಿ ನಾಲ್ಕು ದಿನ ಸಿಗುತ್ತದೆ. ಬಾದಾಮಿಗೆ ಹೋಗಲಾ, ಹಂಪಿಗೇ ಹೋಗಲಾ?

ಹೊಸಪೇಟೆಯಿಂದ

ಒಂಬತ್ತು ಸಿಕ್ಕಿದ್ದು ಕೇಳಿ ಖುಷಿಯಾಯಿತು. ಹಂಪಿಗೇ ಬನ್ನಿ. ಆ ಒಂಬತ್ತು ಜಾಗಕ್ಕೂ ಮತ್ತೆ ಹೋಗಿ ನಿಲ್ಲಿ. ಕೊನೆಯ ದಿನ ಬೇಕಿದ್ದರೆ ಬಾದಾಮಿ. ಅಲ್ಲಿ ಭೂತನಾಥ ದೇವಸ್ಥಾನ ಅಗಸ್ತ್ಯ ತೀರ್ಥ ಅನ್ನೋ ಕೆರೆಯ ಪೂರ್ವ ದಂಡೆಯಲ್ಲಿದೆ. ಸಂಜೆ ಊರಿನ ಕಡೆಯ ದಂಡೆಯಲ್ಲಿ ನಿಂತರೆ ಕೆಂಪು ಬಂಡೆಯ ಗೋಡೆ ಪೂರ್ತಿ ಬೆಳಗುತ್ತದೆ. ಗಾಳಿ ಇಲ್ಲದಿದ್ದರೆ ನೀರಿನಲ್ಲೂ ಕಾಣುತ್ತದೆ.

ಟ್ರೈಪಾಡ್ ತರೋದಾದರೆ ಪುರಾತತ್ವ ಇಲಾಖೆಯ ಸ್ಮಾರಕಗಳ ಒಳಗೆ ಬಳಸಲು ಮೊದಲೇ ಅನುಮತಿ ತೊಗೊಳ್ಳಿ. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟೋದು ಏಳರ ಆಸುಪಾಸು. ಮಾತಂಗ ಹತ್ತುವಾಗ ಇನ್ನೂ ಕತ್ತಲಿರುತ್ತದೆ, ಮೆಟ್ಟಿಲು ಕೆಲವು ಕಡೆ ಒಡೆದಿವೆ. ಟಾರ್ಚ್ ಇರಲಿ, ಒಬ್ಬರೇ ಹತ್ತಬೇಡಿ, ಗೆಳತಿಯರನ್ನು ಕರೆದುಕೊಂಡು ಬನ್ನಿ.