ಸ್ಪ್ರಿಂಗ್ ಏರ್ ರೈಫಲ್‌ಗೆ ಯಾವ ಸ್ಕೋಪ್? 6-24×50 ಬೇಕಾ, 4-12×40 ಸಾಕಾ?

ಜೋಳದಹೊಲ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಇರೋದು .177 (ನಳಿಗೆ ತೂತಿನ ಅಗಲ, ಇಂಚಲ್ಲಿ) ಬ್ರೇಕ್ ಬ್ಯಾರೆಲ್, ಅಂದ್ರೆ ನಳಿಗೆ ಮಡಚಿ ಸ್ಪ್ರಿಂಗ್ ಎಳೆಯೋ ರೈಫಲ್, ಲೈಸೆನ್ಸ್ ಬೇಡದ್ದು. ಮೇಲೆ ಸ್ಕೋಪ್ ಕೂರಿಸೋ 11 ಮಿ.ಮೀ. ಡವ್‌ಟೇಲ್ ಗಾಡಿ ಐತೆ. ಸದ್ಯಕ್ಕೆ 25 ಮೀಟರ್‌ನಲ್ಲಿ ಕಾಗದದ ಟಾರ್ಗೆಟ್, ಕೈ ಕೂತ ಮೇಲೆ 50. ಮುಂದೆ .22 ಗುಂಡಿನ ರೈಫಲ್‌ಗೆ ಲೈಸೆನ್ಸ್ ಆದ್ರೆ ಇದೇ ಸ್ಕೋಪನ್ನ ಅದಕ್ಕೆ ಹಾಕಿ 100 ಮೀಟರ್ ಹೊಡೆಯೋ ಆಸೆ. ಮೌಂಟ್ (ಸ್ಕೋಪನ್ನ ಗನ್ನಿಗೆ ಬಿಗಿಯೋ ಉಂಗುರದ ಹಿಡಿ) ಸೇರಿ 15 ಸಾವಿರ ದಾಟಬಾರದು. ಅಂಗಡಿಯವ್ರು 6-24×50 (6ರಿಂದ 24 ಪಟ್ಟು ದೊಡ್ಡದಾಗಿ ತೋರಿಸೋ, 50 ಮಿ.ಮೀ. ಗಾಜಿನದ್ದು) ತಗೊಳ್ರಿ, ಒಂದ್ಸಲ ಹಾಕಿದ್ರೆ ಮುಗೀತು ಅಂತಾರೆ.

ಇನ್ನೊಂದು ಮಾತು. ಮೆಕ್ಕೆಜೋಳಕ್ಕೆ ಹಂದಿ ಕಾಟ ಜಾಸ್ತಿ. ಸ್ಕೋಪ್ ಹಾಕಿದ್ರೆ ಈ ಗನ್ನು ಹಂದಿಗೂ ಆಗುತ್ತಾ ಅಂತ ಮನೇಲಿ ಕೇಳ್ತಾವ್ರೆ. ಆಗುತ್ತಾ?

ಮಿಲ್‌ಡಾಟ್_ದುರ್ಗ

ಹಂದಿ ವಿಚಾರ ಬೇರೆಯವರು ಹೇಳಲಿ, ನಾನು ಸ್ಕೋಪಿಗಷ್ಟೇ ಬರ್ತೀನಿ.

ಸ್ಪ್ರಿಂಗ್ ಗನ್ನಿಗೆ ಮೊದಲು ಕೇಳಬೇಕಾದ ಪ್ರಶ್ನೆ, ಈ ಸ್ಕೋಪ್ ಏಟು ತಡೆಯುತ್ತಾ ಅನ್ನೋದು. ಟ್ರಿಗರ್ ಬಿಟ್ಟಾಗ ಪಿಸ್ಟನ್ ಮುಂದಕ್ಕೆ ನುಗ್ಗುತ್ತೆ, ಗನ್ ಹಿಂದಕ್ಕೆ ಒದೆಯುತ್ತೆ. ಪಿಸ್ಟನ್ ಸಿಲಿಂಡರ್ ತುದಿಗೆ ಬಡಿದ ಕೂಡಲೇ ಇಡೀ ಗನ್ ಮುಂದಕ್ಕೆ ಜಗ್ಗುತ್ತೆ. ಸಾಧಾರಣ ಸ್ಕೋಪುಗಳ ಒಳಗಿನ ಲೆನ್ಸುಗಳನ್ನ ಹಿಂದೊದೆತ ಒಂದನ್ನೇ ಲೆಕ್ಕಕ್ಕೆ ಇಟ್ಟುಕೊಂಡು ಬಿಗಿದಿರ್ತಾರೆ. ಮುಂದಕ್ಕೆ ಜಗ್ಗುವ ಏಟಿಗೆ ಎರೆಕ್ಟರ್ (ಚಿತ್ರ ನೆಟ್ಟಗೆ ಮಾಡೋ) ಲೆನ್ಸ್ ಸಡಿಲ ಆಗುತ್ತೆ, ಕ್ರಾಸ್‌ಹೇರ್ ವಾಲುತ್ತೆ, ಕೆಲವು ಸಲ ಮುರಿದೇ ಹೋಗುತ್ತೆ. ದೊಡ್ಡ ಬೋರ್ ರೈಫಲ್ ಮೇಲೆ ವರ್ಷಗಟ್ಟಲೆ ಬಾಳಿದ ಸ್ಕೋಪು ಸ್ಪ್ರಿಂಗರ್ ಮೇಲೆ ಬೇಗ ಸಾಯೋದು ಇದಕ್ಕೇ. ಸ್ಪ್ರಿಂಗ್ ಏರ್‌ಗನ್ನಿಗೂ ವಾರಂಟಿ ಉಂಟು ಅಂತ ಕಂಪನಿಯ ಕೈಪಿಡಿಯಲ್ಲಿ ಬರೆದಿರಬೇಕು. ಅಂಗಡಿಯ ಬಾಯಿಮಾತು ನಂಬಬೇಡಿ.

ಎರಡನೇದು ಪ್ಯಾರಲಾಕ್ಸ್, ಅಂದ್ರೆ ಕಣ್ಣು ಸರಿದಾಗ ಕ್ರಾಸ್‌ಹೇರ್ ಟಾರ್ಗೆಟ್ ಮೇಲೆ ಅಲುಗಿದಂಗೆ ಕಾಣೋದು. ಫೋಕಸ್ ತಿರುಗಿಸಲು ಬಾರದ ಸೆಂಟರ್‌ಫೈರ್ (ದೊಡ್ಡ ಗುಂಡಿನ) ರೈಫಲ್ ಸ್ಕೋಪುಗಳನ್ನ ಸಾಮಾನ್ಯವಾಗಿ 100 ಗಜದ ಆಸುಪಾಸಿಗೆ ಹೊಂದಿಸಿರ್ತಾರೆ. 100 ಮೀಟರ್‌ಗೆ ಹೊಂದಿಸಿದ 40 ಮಿ.ಮೀ. ಗಾಜಿನ ಸ್ಕೋಪಲ್ಲಿ 25 ಮೀಟರ್ ಹೊಡೆದರೆ, ಕಣ್ಣು ಅಂಚಿಗೆ ಸರಿದಾಗ ಗುರಿ 15 ಮಿ.ಮೀ. ತನಕ ತಪ್ಪಬಹುದು. ಲೆಕ್ಕ ಹೀಗೆ: ಗಾಜಿನ ಅರ್ಧ ವ್ಯಾಸ 20 ಮಿ.ಮೀ.ನ್ನ ದೂರದ ವ್ಯತ್ಯಾಸ 75ರಿಂದ ಗುಣಿಸಿ, 100ರಿಂದ ಭಾಗಿಸಿ. ಅಷ್ಟರಲ್ಲಿ ಗ್ರೂಪ್ (ಹೊಡೆತಗಳು ಒತ್ತಟ್ಟಿಗೆ ಬೀಳೋದು) ಹಾಳು. ಆದ್ದರಿಂದ ಎಒ (ಮುಂದಿನ ಗಾಜಿನ ಹತ್ರ ತಿರುಗಿಸೋ ಫೋಕಸ್ ಉಂಗುರ) ಅಥವಾ ಸೈಡ್ ಫೋಕಸ್ ಇರಲೇಬೇಕು, ಅದು 10 ಗಜಕ್ಕೆ ಇಳಿಯಬೇಕು. ಫೋಕಸ್ ಉಂಗುರದ ಮೇಲಿನ ಅಂಕಿ ಮಾತ್ರ ನೆಚ್ಚಬೇಡಿ. ಟೇಪ್ ಹಿಡಿದು 10, 25, 35, 50 ಅಳೆದು, ಗನ್ನನ್ನ ಮರಳು ಚೀಲದ ಮೇಲೆ ಕೂರಿಸಿ, ತಲೆ ಅತ್ತಿತ್ತ ಆಡಿಸಿ. ಕ್ರಾಸ್‌ಹೇರ್ ಟಾರ್ಗೆಟ್ ಮೇಲೆ ಅಲುಗದ ಜಾಗದಲ್ಲಿ ಆ ಉಂಗುರಕ್ಕೆ ಬಿಳಿ ಗುರುತು ಹಾಕಿಕೊಳ್ಳಿ.

ಇನ್ನು 24 ಪಟ್ಟು. 50ನ್ನು 24ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆ 2.1 ಮಿ.ಮೀ. ತಲೆ ಒಂಚೂರು ಸರಿದರೂ ಕಪ್ಪು. 4-12×40ರಲ್ಲಿ 9 ಪಟ್ಟಿಗೆ ಇಟ್ಟರೆ 4.4 ಮಿ.ಮೀ. ಸಿಗುತ್ತೆ, ಕಣ್ಣಿಗೆ ಆರಾಮ. ಇದರ ಮೇಲೆ ನಮ್ಮ ಕಡೆ ಬಿಸಿಲು. ಮಾರ್ಚ್ ಆದಮೇಲೆ ಹತ್ತೂವರೆಗೆಲ್ಲ ನೆಲದಿಂದ ಝಳ ಏಳುತ್ತೆ, 24ರಲ್ಲಿ ಟಾರ್ಗೆಟ್ ನೀರಲ್ಲಿ ಮುಳುಗಿದಂಗೆ ಕುಣಿಯುತ್ತೆ. 100 ಮೀಟರ್‌ಗೂ 12 ಸಾಕು. ಜೊತೆಗೆ 6-24×50 ಮುಕ್ಕಾಲು ಕೆಜಿ ಆಸುಪಾಸು ತೂಗುತ್ತೆ. ತೂಕ ಹೆಚ್ಚಾದಷ್ಟೂ ಡವ್‌ಟೇಲ್ ಮೇಲೆ ಜಾರೋದು ಹೆಚ್ಚು.

30 ಮಿ.ಮೀ. ಟ್ಯೂಬ್ ಹೆಚ್ಚು ಬೆಳಕು ಕೊಡುತ್ತೆ ಅಂತ ಮಾರ್ತಾರೆ. ಅದರಿಂದ ಸಿಗೋದು ಮುಖ್ಯವಾಗಿ ಟರೆಟ್ (ಗುರಿ ಸರಿಪಡಿಸೋ ತಿರುಗಣೆ) ತಿರುಗಿಸಲು ಹೆಚ್ಚು ಜಾಗ. ನಿಮಗೆ 1 ಇಂಚಿನದ್ದೇ ಸಾಕು.

ಜೋಗಿಮಟ್ಟಿಗಾಳಿ

ಮೇಲಿನವರ ಮಾತಿಗೆ ನನ್ನದೂ ಒಪ್ಪಿಗೆ, ಒಂದು ಬಿಟ್ಟು. "ಅದೇ ಸ್ಕೋಪ್ .22ಕ್ಕೂ" ಅನ್ನೋ ಯೋಚನೆಗೆ ಯಾರೂ ಏನೂ ಹೇಳಲಿಲ್ಲ. ಆಗುತ್ತೆ, ಆದ್ರೆ ರೆಟಿಕಲ್ (ಸ್ಕೋಪಿನ ಒಳಗಿನ ಗುರಿಗೆರೆ) ನೋಡಿ ತಗೊಳ್ಳಿ. ಈ ಬೆಲೆಯಲ್ಲಿ ಸಿಗೋದು ಬಹುಪಾಲು ಎಸ್‌ಎಫ್‌ಪಿ, ಅಂದ್ರೆ ಝೂಮ್ ತಿರುಗಿಸಿದರೂ ರೆಟಿಕಲ್ ಅಷ್ಟೇ ಗಾತ್ರ ಕಾಣುವಂಥದ್ದು. ಅದರಲ್ಲಿ ಮಿಲ್‌ಡಾಟ್ (ಮಿಲ್ ಅನ್ನೋ ಕೋನದ ಅಳತೆಗೆ ಇಟ್ಟ ಚುಕ್ಕಿಗಳು) ಅಳತೆ ಒಂದೇ ಪಟ್ಟಿನಲ್ಲಿ ಸರಿ, ಯಾವ ಪಟ್ಟು ಅಂತ ಕೈಪಿಡಿಯಲ್ಲಿ ಇರುತ್ತೆ. 12ರಲ್ಲಿ ಸರಿ ಇದ್ದರೆ 6ರಲ್ಲಿ ಒಂದು ಚುಕ್ಕಿ 2 ಮಿಲ್ ಆಗುತ್ತೆ. ಇದು ಗೊತ್ತಿಲ್ಲದೆ ಝೂಮ್ ತಿರುಗಿಸ್ತಾ ಚುಕ್ಕಿ ಹಿಡಿದು ಹೊಡೆಯೋರೇ ಜಾಸ್ತಿ. ಎಫ್‌ಎಫ್‌ಪಿಗೆ (ಝೂಮ್ ಜೊತೆ ರೆಟಿಕಲ್ಲೂ ಹಿಗ್ಗಿ ಕುಗ್ಗೋದು) ಆಸೆ ಪಡಬೇಡಿ, ಕಡಿಮೆ ಬೆಲೆಯದ್ದರಲ್ಲಿ 4 ಪಟ್ಟಿಗೆ ಗೆರೆ ಕಾಣೋದೇ ಇಲ್ಲ.

ಸ್ಟ್ಯಾಂಡರ್ಡ್ ವೇಗದ .22ನ್ನ 50 ಮೀಟರ್‌ಗೆ ಝೀರೋ ಮಾಡಿದರೆ, ಅಂದ್ರೆ ಗುರಿ ಇಟ್ಟಲ್ಲೇ ಗುಂಡು ಬೀಳೋ ಹಾಗೆ ಹೊಂದಿಸಿದರೆ, 100ರಲ್ಲಿ ಸುಮಾರು 22–23 ಸೆಂ.ಮೀ. ಕೆಳಗೆ ಬೀಳುತ್ತೆ. ಕಾಲು ಎಂಒಎ (ಇದೂ ಕೋನದ ಅಳತೆ) ಟರೆಟ್‌ನಲ್ಲಿ 30 ಕ್ಲಿಕ್ ಆಸುಪಾಸು. ತಿರುಗಿಸಿ ಮತ್ತೆ ವಾಪಸ್ ತಂದಾಗ ಝೀರೋ ಹಿಂದಿನ ಜಾಗಕ್ಕೇ ಬರಬೇಕು. ಪರೀಕ್ಷೆ ಸುಲಭ: ಮೂರು ಗುಂಡು ಹೊಡಿ, 20 ಕ್ಲಿಕ್ ಮೇಲೆ, ಮೂರು, 20 ಬಲಕ್ಕೆ, ಮೂರು, 20 ಕೆಳಗೆ, ಮೂರು, 20 ಎಡಕ್ಕೆ, ಮೂರು. ಗುರಿ ಇಡೋ ಬಿಂದು ಮಾತ್ರ ಬದಲಾಗಬಾರದು. ಚೌಕ ಸರಿಯಾಗಿ ಮೂಡಿ ಕೊನೇ ಮೂರು ಮೊದಲಿನ ಮೂರರ ಮೇಲೇ ಕೂತರೆ ಟರೆಟ್ ಚೆನ್ನಾಗಿದೆ. ವಾರಂಟಿ ಇರುವಾಗಲೇ ಇದನ್ನ ಮಾಡಿ.

ಗಾಳಿಗೆ ಮಾತ್ರ ಯಾವ ಸ್ಕೋಪೂ ಮದ್ದಲ್ಲ. ಚಿತ್ರದುರ್ಗದ ಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಆಷಾಢದಲ್ಲಿ .177 ಪೆಲೆಟ್ ಹಿಡಿದು 50 ಮೀಟರ್ ಅಂದ್ರೆ ಗ್ರೂಪ್ ಆಸೆ ಬಿಡಿ, 25ಕ್ಕೆ ನಿಲ್ಲಿ, ಬೆಳಿಗ್ಗೆ ಬೇಗ ಹೊಡೀರಿ.

ಕಾನೂನುಕಟ್ಟೆ

ಹಂದಿಗೆ ಆಗಲ್ಲ. 1972ರ ವನ್ಯಜೀವಿ ಕಾಯ್ದೆಯ 9ನೇ ಕಲಂ ಬೇಟೆಯನ್ನ ನಿಷೇಧಿಸುತ್ತೆ. ಬೆಳೆ ಹಾನಿ ಮಾಡೋ ಪ್ರಾಣಿಗೂ 11ನೇ ಕಲಂ ಪ್ರಕಾರ ಅಧಿಕಾರ ಇರೋ ಅರಣ್ಯ ಅಧಿಕಾರಿಯ ಲಿಖಿತ ಆದೇಶ ಬೇಕು. ನಿಮ್ಮ ಹೊಲ ಅನ್ನೋದು ನೆಪ ಆಗಲ್ಲ. ಜಗಳೂರು ಕಡೆ ಇದ್ದರಂತೂ ರಂಗಯ್ಯನದುರ್ಗದ ಕೊಂಡುಕುರಿ ಧಾಮ ಪಕ್ಕದಲ್ಲೇ ಐತೆ, ಗನ್ನು ಹೆಗಲಿಗೆ ಹಾಕ್ಕೊಂಡು ಆ ಕಡೆ ಅಡ್ಡಾಡೋದೂ ಬೇಡ.

ಶಕ್ತಿ ಲೆಕ್ಕದಲ್ಲೂ ಆಗಲ್ಲ. ಲೈಸೆನ್ಸ್ ಇಲ್ಲದ ಏರ್ ರೈಫಲ್ 20 ಜೂಲ್ ಮತ್ತು .177 ಮಿತಿಯೊಳಗೇ ಇರಬೇಕು. .22 ಗುಂಡಿಗೇ 140 ಜೂಲ್ ಹತ್ತಿರ ಇರುತ್ತೆ, ಅದೂ ಹಂದಿಗೆ ಸಾಲಲ್ಲ. ಪೆಲೆಟ್ ತಗುಲಿದ ಹಂದಿ ಗಾಯ ಆಗಿ ನರಳುತ್ತೆ ಅಷ್ಟೇ. ಹಾನಿಗೆ ಪರಿಹಾರಕ್ಕೆ ಅರ್ಜಿ ಹಾಕಿ, ಬೇಲಿ ನೋಡಿ.

ಇನ್ನೊಂದು, ಸ್ಪರ್ಧೆ ಮನಸ್ಸಲ್ಲಿದ್ದರೆ ದುಡ್ಡು ತಡೆದಿಟ್ಟುಕೊಳ್ಳಿ. ಐಎಸ್‌ಎಸ್‌ಎಫ್ (ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದ 10 ಮೀಟರ್ ಏರ್ ರೈಫಲ್, 50 ಮೀಟರ್ ರೈಫಲ್ ಎರಡರಲ್ಲೂ ದೂರದರ್ಶಕಕ್ಕೆ ಅವಕಾಶ ಇಲ್ಲ, ಸಣ್ಣ ತೂತಿನ ಪೀಪ್ ಸೈಟ್ ಮಾತ್ರ.

ಜೋಳದಹೊಲ (ದಾವಣಗೆರೆ)

ಹಂದಿ ವಿಚಾರ ಅಲ್ಲಿಗೆ ಬಿಟ್ಟೆ ಸರ್. 4-12×40 ಎಒ ಅಂತ ತೀರ್ಮಾನ. ಮೌಂಟ್ ಯಾವುದು? ಕೂರಿಸೋದು ನಾನೇ ಮಾಡಬಹುದಾ?

ಮಿಲ್‌ಡಾಟ್_ದುರ್ಗ

ಮಾಡಬಹುದು. ಮೌಂಟಿಗೆ ದುಡ್ಡು ಹಾಕೋದ್ರಲ್ಲಿ ಜಿಪುಣತನ ಬೇಡ. ಒಂದೇ ತುಂಡಿನದ್ದು, 11 ಮಿ.ಮೀ. ಡವ್‌ಟೇಲಿನದ್ದು, ಅಡಿಯಲ್ಲಿ ಸ್ಟಾಪ್ ಪಿನ್ ಇರುವಂಥದ್ದು. ವೀವರ್ ಮೌಂಟ್ ಅಗಲ ಬೇರೆ, ನಿಮ್ಮ ಗನ್ನಿಗೆ ಕೂರಲ್ಲ. ಸ್ಟಾಪ್ ಪಿನ್ ರಿಸೀವರ್ ಮೇಲಿನ ತೂತಿಗೆ ಇಳಿಯಬೇಕು. ಅದಿಲ್ಲದಿದ್ದರೆ ಪ್ರತಿ ಹೊಡೆತಕ್ಕೂ ಮೌಂಟ್ ಹಿಂದಕ್ಕೆ ತೆವಳುತ್ತೆ.

ಮೊದಲು ಡವ್‌ಟೇಲ್, ಮೌಂಟಿನ ಉಂಗುರದ ಒಳಭಾಗ, ಟ್ಯೂಬ್ ಎಲ್ಲಾ ಸ್ಪಿರಿಟ್‌ನಿಂದ ಒರೆಸಿ, ಎಣ್ಣೆ ಪಸೆ ಇರಬಾರದು. ಲೆನ್ಸಿಗೆ ಸ್ಪಿರಿಟ್ ಬೇಡ. ಕೆಂಪು ದೂಳನ್ನ ಬ್ಲೋವರ್‌ನಿಂದ ಊದಿ, ಆಮೇಲೆ ಬಟ್ಟೆ. ಟವಲ್ ತುದಿಯಲ್ಲಿ ಉಜ್ಜಿದರೆ ಕೋಟಿಂಗ್ ಹೋಯ್ತು ಅಂತಲೇ ಲೆಕ್ಕ. ಕಣ್ಣಿನಿಂದ 8–9 ಸೆಂ.ಮೀ. ದೂರ ಇಟ್ಟು, ಕ್ರಾಸ್‌ಹೇರ್ ನೆಟ್ಟಗೆ ಮಾಡಿ, ಗೋಡೆಗೆ ತೂಗುಗುಂಡು ಬಿಟ್ಟು ಹೋಲಿಸಿ. ಉಂಗುರದ ಸ್ಕ್ರೂಗಳನ್ನ ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ 1.7ರಿಂದ 2 ನ್ಯೂಟನ್ ಮೀಟರ್ ತನಕ. ಅತಿಯಾಗಿ ಬಿಗಿದರೆ ಟ್ಯೂಬ್ ಚಪ್ಪಟೆಯಾಗಿ ಒಳಗಿನ ಭಾಗಗಳು ಸಿಕ್ಕಿಕೊಳ್ತವೆ. ಕೊನೆಗೆ ಟ್ಯೂಬಿಗೂ ಉಂಗುರಕ್ಕೂ ಸೇರಿದಂಗೆ ನೇಲ್‌ಪಾಲಿಶ್‌ನ ಒಂದು ಗೆರೆ ಎಳೀರಿ. ಗೆರೆ ಒಡೆದರೆ ಜಾರಿದೆ ಅಂತ ಅರ್ಥ.

25 ಮೀಟರ್‌ನಲ್ಲಿ ಕಾಲು ಎಂಒಎ ಒಂದು ಕ್ಲಿಕ್ಕಿಗೆ 1.8 ಮಿ.ಮೀ. 4 ಸೆಂ.ಮೀ. ಕೆಳಗೆ ಬಿದ್ದರೆ 22 ಕ್ಲಿಕ್ ಮೇಲಕ್ಕೆ. ಬ್ರೇಕ್ ಬ್ಯಾರೆಲ್‌ಗಳಲ್ಲಿ ನಳಿಗೆ ತುಸು ಕೆಳಮುಖವಾಗಿರೋದು ಸಾಮಾನ್ಯ, ಆಗ ಟರೆಟ್ ಮೇಲ್ತುದಿಗೆ ಹೋಗಿಬಿಡುತ್ತೆ. ಅಲ್ಲಿ ಒಳಗಿನ ಸ್ಪ್ರಿಂಗ್ ಬಲ ಕಳೆದುಕೊಂಡು ಝೀರೋ ಅಲೆಯೋಕೆ ಶುರು. ಹಿಂದಿನ ಉಂಗುರದಲ್ಲಿ ಟ್ಯೂಬಿನ ಅಡಿಗೆ 0.1 ಮಿ.ಮೀ. ಫಿಲ್ಮ್ ತುಂಡು ಇಡಿ: ಉಂಗುರಗಳ ಮಧ್ಯೆ 10 ಸೆಂ.ಮೀ. ಇದ್ದರೆ 25 ಮೀಟರ್‌ನಲ್ಲಿ 2.5 ಸೆಂ.ಮೀ. ಮೇಲೇರುತ್ತೆ. 0.3 ದಾಟಿಸಬೇಡಿ, ಟ್ಯೂಬ್ ಬಾಗುತ್ತೆ. ಇನ್ನೂ ಬೇಕಾದ್ರೆ ಅಡ್ಜಸ್ಟೆಬಲ್ ಮೌಂಟ್ ತರಬೇಕು.

ಜೋಗಿಮಟ್ಟಿಗಾಳಿ

ಗ್ರೂಪ್ ಚದುರಿದರೆ ತಕ್ಷಣ ಸ್ಕೋಪ್ ಬಿಚ್ಚಬೇಡಿ. ಮೊದಲು ಗನ್ನಿನ ಕಟ್ಟಿಗೆ ಭಾಗದ (ಸ್ಟಾಕ್) ಸ್ಕ್ರೂಗಳನ್ನ ನೋಡಿ, ಎರಡು ಮುಂದೆ, ಒಂದು ಟ್ರಿಗರ್ ಗಾರ್ಡ್ ಹತ್ರ. ಸ್ಪ್ರಿಂಗರ್ ಅದುರಿಕೆಗೆ ಅವೇ ಮೊದಲು ಸಡಿಲ ಆಗೋದು. ನಳಿಗೆಯನ್ನ ಗಟ್ಟಿ ಜಾಗಕ್ಕೆ ಒರಗಿಸಬೇಡಿ, ಗನ್ನು ಮುಂದಿನ ಕೈಯ ಅಂಗೈ ಮೇಲೆ ಸಡಿಲವಾಗಿ ಇರಲಿ. ಆಮೇಲೂ ಚದುರಿದರೆ ಸ್ಕೋಪ್ ತೆಗೆದು ಗನ್ನಿನ ಓಪನ್ ಸೈಟ್‌ನಲ್ಲಿ ಹತ್ತು ಹೊಡೀರಿ. ಅದರಲ್ಲಿ ಗ್ರೂಪ್ ಕೂಡಿದರೆ ಮಾತ್ರ ತಪ್ಪು ಸ್ಕೋಪು ಅಥವಾ ಮೌಂಟಿನದು.

ಹಿಂದುಗಡೆ ಬಂಡೆ ಇಟ್ಟುಕೊಂಡು ಹೊಡೀಬೇಡಿ. ಸೀಸ ಬಂಡೆಗೆ ತಾಗಿ ಯಾವ ಕಡೆ ಚಿಮ್ಮುತ್ತೆ ಹೇಳೋಕಾಗಲ್ಲ. ಮರಳು ತುಂಬಿದ ಗೋಣಿಚೀಲ ಎರಡು ಸಾಲು, ಕಣ್ಣಿಗೆ ಸೇಫ್ಟಿ ಕನ್ನಡಕ.