ಪದ ಬಾಯಿಪಾಠ ಆಗುತ್ತದೆ, ವಾಕ್ಯದಲ್ಲಿ ಹಾಕಿದರೆ ಕೆಡುತ್ತದೆ. ಏನು ಮಾಡಲಿ?

ವಾರ್ಡ್_ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಕಡೆಯವಳು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಬಿಎಸ್ಸಿ ನರ್ಸಿಂಗ್ ಮುಗಿಸಿ ನಾಲ್ಕು ವರ್ಷದಿಂದ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಇಂಗ್ಲೆಂಡಿಗೆ ಹೋಗಬೇಕು ಅಂತ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಬರೆದೆ. ನರ್ಸ್‌ಗಳನ್ನು ನೋಂದಾಯಿಸುವ ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ಗೆ ರೀಡಿಂಗ್, ಲಿಸನಿಂಗ್, ಸ್ಪೀಕಿಂಗ್ ಮೂರರಲ್ಲೂ 7 ಬೇಕು, ರೈಟಿಂಗ್‌ನಲ್ಲಿ 6.5 ಸಾಕು. ಮೂರೂ ಬಂತು. ಆ 6.5 ಮಾತ್ರ ಎರಡು ಸಲವೂ ಬರಲಿಲ್ಲ, 6ಕ್ಕೇ ನಿಂತಿತು.

ಕೋಚಿಂಗ್‌ನಲ್ಲಿ ದಿನಕ್ಕೆ 30 ದೊಡ್ಡ ದೊಡ್ಡ ಪದ ಕೊಡುತ್ತಾರೆ. ನೋಟ್‌ಬುಕ್ಕಿನ ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ ಬರೆದುಕೊಂಡು, ನೈಟ್ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಬರುವಾಗಲೂ ಅದನ್ನೇ ಓದುತ್ತೇನೆ. ಕೇಳಿದರೆ ಅರ್ಥ ಪಟ್ ಅಂತ ಹೇಳುತ್ತೇನೆ. ಬರೆಯೋಕೆ ಕೂತರೆ ಹೀಗಾಗುತ್ತದೆ: 'ದೇರ್ ಈಸ್ ಎ ಪ್ಲೆಥೋರಾ ಆಫ್ ವಾಟರ್ ಪ್ರಾಬ್ಲಮ್ ಇನ್ ಮೈ ವಿಲೇಜ್, ಸೋ ವಿ ಶುಡ್ ಡಿಸ್ಕಸ್ ಅಬೌಟ್ ಇಟ್.' ಇದಕ್ಕೆ ಕೆಂಪು ಗೆರೆ ಎಳೆದು ಕೊಟ್ಟರು, ಯಾಕೆ ಅಂತ ಹೇಳಲಿಲ್ಲ. ಎಲ್ಲಿ ತಪ್ಪಿದೆ?

ಚಾಕ್‌ಪೀಸ್_ಮೇಷ್ಟ್ರು:
ಕಾರಣ ಹೇಳದೆ ಗೆರೆ ಎಳೆಯಬಾರದಿತ್ತು, ನೀವು ಕೇಳಿದ್ದು ಸರಿಯಾಗಿದೆ.

ಪ್ಲೆಥೋರಾ ಅಂದರೆ ಬರೀ 'ತುಂಬಾ' ಅಲ್ಲ, ಬೇಕಾದ್ದಕ್ಕಿಂತ ಜಾಸ್ತಿ ಅನ್ನೋ ಛಾಯೆ ಅದರಲ್ಲಿದೆ. ಮೂಲ ಗ್ರೀಕ್, 'ತುಂಬಿರುವುದು' ಅಂತ ಅರ್ಥ. ಇಂಗ್ಲಿಷಿಗೆ ಬಂದಾಗ ಅದು ವೈದ್ಯರ ಪದವಾಗಿತ್ತು, ಮೈಯಲ್ಲಿ ರಕ್ತ ಹೆಚ್ಚಾದ ಸ್ಥಿತಿಗೆ ಹಾಗನ್ನುತ್ತಿದ್ದರು. ನೀರಿಲ್ಲದ ಊರಿನ ಮಾತಿಗೆ ಅದು ಒಗ್ಗುವುದಿಲ್ಲ. ಅದರ ಮುಂದೆ ಎಣಿಸುವ ವಸ್ತು ಬಂದರೆ ಬಹುವಚನವೇ ಬೇಕು: 'ಎ ಪ್ಲೆಥೋರಾ ಆಫ್ ಆಪ್ಸ್'. ಇನ್ನು 'ಡಿಸ್ಕಸ್ ಅಬೌಟ್' ನಮ್ಮ ಮನೆಯಿಂದ ಹೋದದ್ದು. 'ಅದರ ಬಗ್ಗೆ ಮಾತಾಡೋಣ' ಅಂತ ತಲೆಯಲ್ಲಿ ಓಡುತ್ತದೆ, ಆ 'ಬಗ್ಗೆ' ಇಂಗ್ಲಿಷಿಗೂ ನುಸುಳುತ್ತದೆ. 'ಡಿಸ್ಕಸ್ ಇಟ್' ಅಂದರೆ ಸಾಕು.

ನೋಟ್‌ಬುಕ್ಕಿನ ಬಲಗಡೆ ಕನ್ನಡ ಇರಲಿ, ಅದನ್ನು ಬಿಡಬೇಡಿ. ರೆಲಕ್ಟೆಂಟ್‌ಗೆ 'ಒಲ್ಲದ ಮನಸ್ಸು' ಅಂತ ಬರೆದರೆ ಅದರಷ್ಟು ಸರಿಯಾದ ಅರ್ಥ ಬೇರೆಲ್ಲೂ ಸಿಗಲ್ಲ. ಆದರೆ ಆ ಪದದ ಪಕ್ಕದಲ್ಲಿ ಯಾವ ಪದ ಕೂರುತ್ತದೆ ಅನ್ನುವುದನ್ನೂ ಬರೆಯಿರಿ. ರೆಲಕ್ಟೆಂಟ್ ಪಕ್ಕ 'ಟು': 'ದಿ ಪೇಷಂಟ್ ವಾಸ್ ರೆಲಕ್ಟೆಂಟ್ ಟು ಟೇಕ್ ದಿ ಇಂಜೆಕ್ಷನ್.' ದಿನಕ್ಕೆ 30 ಬೇಡ, ಹೀಗೆ ಮೂರು ಮಾಡಿ. ರೈಟಿಂಗ್‌ಗೆ ಅಂಕ ಕೊಡುವುದು ನಾಲ್ಕು ವಿಷಯ ನೋಡಿ, ಪದಗಳು ಅದರಲ್ಲಿ ಒಂದು ಪಾಲು ಅಷ್ಟೆ. ದೊಡ್ಡ ಪದ ಹಾಕೋಕೆ ಹೋಗಿ ವಾಕ್ಯ ಮುರಿದರೆ ಗ್ರಾಮರ್ ಅಂಕವೂ ಹೋಗುತ್ತದೆ.

ಉಡುಪಿ_ಟು_ಲೀಡ್ಸ್:
ತಂಗಿ, ನಾನೂ ನರ್ಸೇ, ಇದೇ ದಾರಿಯಲ್ಲಿ ಬಂದವಳು. ನಿನಗೆ ಅಡ್ವಾನ್ಸ್ಡ್ ಪದ ಬರಲ್ಲ ಅಂತ ಯಾರು ಹೇಳಿದ್ದು? ಡ್ಯೂಟಿ ಮುಗಿದು ಮುಂದಿನ ನರ್ಸಿಗೆ ಹ್ಯಾಂಡ್‌ಓವರ್ ಕೊಡುವಾಗ ದಿನಾ ಏನೇನು ಹೇಳುತ್ತೀಯ, ಸ್ವಲ್ಪ ನೆನಪು ಮಾಡಿಕೋ. ಅಕ್ಯೂಟ್ ಪೇನ್, ಕ್ರಾನಿಕ್ ಪೇನ್, ಕಂಡಿಷನ್ ಡಿಟೀರಿಯೊರೇಟ್ ಆಯಿತು, ಡ್ರಗ್ ಅಡ್ಮಿನಿಸ್ಟರ್ ಮಾಡಿದೆ. ಈ ಪದಗಳನ್ನೇ ವಾರ್ಡಿನಿಂದ ಹೊರಗೆ ಕರೆದುಕೊಂಡು ಬಾ. ಈ ಬೇಸಿಗೆಯಲ್ಲಿ ದಿಢೀರ್ ಅಂತ ನೀರು ನಿಂತರೆ 'ಅಕ್ಯೂಟ್ ಶಾರ್ಟೇಜ್', ಹತ್ತು ವರ್ಷದಿಂದ ಅದೇ ಗೋಳಾದರೆ 'ಕ್ರಾನಿಕ್ ಶಾರ್ಟೇಜ್'. ಡಿಟೀರಿಯೊರೇಟ್ ಅಂದರೆ ಹದಗೆಡುವುದು ತಾನೇ, ರಸ್ತೆ ಡಿಟೀರಿಯೊರೇಟ್ ಆಗುತ್ತದೆ, ಊರಿನ ಗಾಳಿಯೂ ಆಗುತ್ತದೆ. ನಾನು ಹೀಗೆ ಬರೆಯೋಕೆ ಶುರು ಮಾಡಿದ ಮೇಲೆ ಕೈ ನಡುಗುವುದು ನಿಂತಿತು, ಯಾಕೆಂದರೆ ಆ ಪದ ನನ್ನ ಬಾಯಲ್ಲಿ ಸಾವಿರ ಸಲ ಬಂದಿತ್ತು.

ಇನ್ನೊಂದು ಮಾತು. ಒಇಟಿ ಅಂತ ನರ್ಸ್, ಡಾಕ್ಟರ್ ಥರದವರಿಗೇ ಇರುವ ಇಂಗ್ಲಿಷ್ ಪರೀಕ್ಷೆಯನ್ನೂ ಕೌನ್ಸಿಲ್ ಒಪ್ಪುತ್ತದೆ. ಅದರಲ್ಲಿ ಕೇಸ್ ನೋಟ್ಸ್ ಕೊಟ್ಟು ಪತ್ರ ಬರೆಸುತ್ತಾರೆ. ಒಮ್ಮೆ ನೋಡು.

ಗುಡ್ಡದಮನೆ:
ಪಟ್ಟಿಯೇ ಬೇಡ ಅನ್ನೋದನ್ನು ನಾನು ಪೂರ್ತಿ ಒಪ್ಪಲ್ಲ. ಯಾವ ಪಟ್ಟಿ ಅನ್ನೋದು ಮುಖ್ಯ. ನ್ಯೂಜಿಲೆಂಡಿನಲ್ಲಿ ಏವರಿಲ್ ಕಾಕ್ಸ್‌ಹೆಡ್ ಅನ್ನುವವರು 2000ದಲ್ಲಿ ಒಂದು ಪಟ್ಟಿ ಪ್ರಕಟಿಸಿದರು, ಬೇರೆ ಬೇರೆ ವಿಷಯದ ಓದಿನಲ್ಲಿ ಮತ್ತೆ ಮತ್ತೆ ಬರುವ 570 ಪದ ಕುಟುಂಬಗಳು, ಅಂದರೆ ಒಂದು ಪದ ಮತ್ತು ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ. ಅದರಲ್ಲಿ ಪ್ಲೆಥೋರಾ ಥರದ್ದಲ್ಲ, ಸಿಗ್ನಿಫಿಕೆಂಟ್, ಇಂಪ್ಯಾಕ್ಟ್ ಥರದ ಕೆಲಸಕ್ಕೆ ಬರುವ ಪದಗಳಿವೆ.

ನೆನಪಿಡೋಕೆ ಬೇರು ಹಿಡಿಯಿರಿ. ಲ್ಯಾಟಿನ್‌ನಲ್ಲಿ 'ಗ್ರೆಕ್ಸ್' ಅಂದರೆ ಹಿಂಡು. ಹಸಿ ಕಸ ಒಣ ಕಸ ಸೆಗ್ರಿಗೇಟ್ ಮಾಡಿ ಅಂತಾರಲ್ವಾ, ಅದು ಹಿಂಡಿನಿಂದ ಬೇರೆ ಮಾಡುವುದು. ಅಗ್ರಿಗೇಟ್ ಮಾರ್ಕ್ಸ್ ಅಂದರೆ ಹಿಂಡಿಗೆ ಸೇರಿಸಿದ್ದು. ಜನರ ಜೊತೆ ಬೇಗ ಬೆರೆಯುವವರು ಗ್ರೆಗೇರಿಯಸ್. ಒಂದು ಬೇರು ಸಿಕ್ಕಿದರೆ ಮೂರು ಪದ ಒಟ್ಟಿಗೆ ಕೈಗೆ ಬರುತ್ತವೆ.

ವಾರ್ಡ್_ಹುಡುಗಿ:
ಅಕ್ಕ, ಮೇಷ್ಟ್ರೇ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಯೂಟ್, ಕ್ರಾನಿಕ್ ದಿನಾ ಬಾಯಲ್ಲಿದ್ದರೂ ಪ್ರಬಂಧಕ್ಕೆ ತರಬಹುದು ಅಂತ ಹೊಳೆದೇ ಇರಲಿಲ್ಲ. ನಿನ್ನೆ ಡ್ಯೂಟಿ ಮುಗಿದ ಮೇಲೆ ಬರೆದದ್ದು ಇದು, ನೋಡಿ: 'ಮೈ ವಿಲೇಜ್ ಫೇಸಸ್ ಎ ಕ್ರಾನಿಕ್ ಶಾರ್ಟೇಜ್ ಆಫ್ ವಾಟರ್. ಟ್ಯಾಂಕರ್ಸ್ ಅಲೀವಿಯೇಟ್ ದಿ ಪೀಪಲ್, ಬಟ್ ಓನ್ಲಿ ಫಾರ್ ಎ ಫ್ಯೂ ಡೇಸ್.'

ಚಾಕ್‌ಪೀಸ್_ಮೇಷ್ಟ್ರು:
ಮೊದಲ ವಾಕ್ಯಕ್ಕೆ ನಾನು ಪೆನ್ನು ಮುಟ್ಟಿಸಲ್ಲ. ಎರಡನೆಯದರಲ್ಲಿ ಒಂದೇ ಜಾಗ ತಿದ್ದಬೇಕು. ಅಲೀವಿಯೇಟ್ ಅಂದರೆ ಕಷ್ಟವನ್ನು ಕಡಿಮೆ ಮಾಡುವುದು. ವಾರ್ಡಿನಲ್ಲಿ ನೀವು ಅಲೀವಿಯೇಟ್ ಮಾಡುವುದು ಪೇಷಂಟನ್ನಲ್ಲ, ಅವರ ನೋವನ್ನು. ಇಲ್ಲೂ ಹಾಗೇ: 'ಟ್ಯಾಂಕರ್ಸ್ ಅಲೀವಿಯೇಟ್ ದಿ ಪ್ರಾಬ್ಲಮ್.' ನಾಳೆ ಇದೇ ಪದ ಇಟ್ಟುಕೊಂಡು ಬೇರೆ ವಿಷಯದ ಮೇಲೆ ಎರಡು ವಾಕ್ಯ ಬರೆದು ಇಲ್ಲೇ ಹಾಕಿ, ನೋಡುತ್ತೇನೆ.