ಪದ ಬೇಕು: ‘ಆಕ್ಟಿವಿಟಿ ಪ್ಲಾನ್’, ‘ನಂಬರ್ ರಿಜಿಸ್ಟ್ರಿ’ (ಇವತ್ತು ರಾತ್ರಿಯೊಳಗೆ)

ಮಂಡ್ಯದಿಂದ:

ಎಲ್ಲರಿಗೂ ನಮಸ್ಕಾರ. ಮೂರ್ನಾಲ್ಕು ಪದಗಳಿಗೆ ತುರ್ತಾಗಿ ಕನ್ನಡ ಬೇಕಾಗಿದೆ. ನಾಳೆ ಬೆಳಗ್ಗೆ ಡಿಟಿಪಿಯವರಿಗೆ ಮ್ಯಾಟರ್ ಕೊಡಬೇಕು, ಫ್ಲೆಕ್ಸ್ ಕೂಡ ನಾಳೆಯೇ ಪ್ರಿಂಟಿಗೆ ಹೋಗಬೇಕು.

ಮೊದಲು ಕೇಬಲ್ ಟಿವಿ ನಡೆಸುತ್ತಿದ್ದ ಎಷ್ಟೋ ಜನ ನಮ್ಮ ಕಡೆ ಈಗ ಫೈಬರ್ ಎಳೆದು ಮನೆಮನೆಗೆ ಇಂಟರ್ನೆಟ್ ಕೊಡುತ್ತಿದ್ದಾರೆ. ಭಾನುವಾರ ಅವರದೊಂದು ಸಭೆ. ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ಒಂದೊಂದು ಸಂಪರ್ಕವನ್ನು ಗುರುತಿಸುವ ನಂಬರ್) ಕೊಡುವ ಸಂಸ್ಥೆಗಳನ್ನು ನಡೆಸುವವರು ಯಾರು, ಶುಲ್ಕ ಯಾರು ಗೊತ್ತು ಮಾಡುತ್ತಾರೆ, ಅಲ್ಲಿ ಸಣ್ಣ ಆಪರೇಟರ್ ಮಾತು ನಡೆಯುತ್ತದಾ ಅಂತ ತಿಳಿಸುವ ಒಂದು ಪುಟ್ಟ ಪುಸ್ತಕ ಹಂಚುತ್ತಿದ್ದೇವೆ. ಅದನ್ನು ಕನ್ನಡಕ್ಕೆ ತರುವ ಕೆಲಸ ನನ್ನದು.

ಇಂಥ ಸಂಸ್ಥೆಗಳು ಪ್ರಪಂಚದಲ್ಲಿ ಐದಿವೆ. ನಾವು ಬರುವುದು ಬ್ರಿಸ್ಬೇನಿನ ಏಪಿನಿಕ್ ಕೆಳಗೆ. ಭಾರತದ ಮಟ್ಟಿಗೆ ಈ ಕೆಲಸ ನೋಡಲು ಐಆರ್‌ಐಎನ್‌ಎನ್ ಇದೆ. ಆದರೆ ಪುಸ್ತಕದಲ್ಲಿ ಜಾಸ್ತಿ ಪುಟ ಇರುವುದು ಆಮ್‌ಸ್ಟರ್‌ಡ್ಯಾಮಿನ ರೈಪ್ ಎನ್‌ಸಿಸಿಗೆ. 1992ರಲ್ಲಿ ಶುರುವಾದದ್ದು, 20,000ಕ್ಕೂ ಹೆಚ್ಚು ಸದಸ್ಯರು. ಮುಂದಿನ ವರ್ಷ ಏನು ಕೆಲಸ, ಅದಕ್ಕೆ ಎಷ್ಟು ದುಡ್ಡು ಅಂತ ಪ್ರತಿ ವರ್ಷ ಮೊದಲೇ ಬರೆದು ಎಲ್ಲರೂ ನೋಡುವ ಹಾಗೆ ಹೊರಗಿಡುತ್ತಾರೆ. ಉದಾಹರಣೆಗೆ ಅದು ಒಳ್ಳೆಯದು ಅನ್ನಿಸಿತು.

ಸಿಕ್ಕಿಹಾಕಿಕೊಂಡಿರುವ ವಾಕ್ಯ ಇದು: “ಆಡಳಿತ ಮಂಡಳಿಯು ಮುಂದಿನ ವರ್ಷದ ಆಕ್ಟಿವಿಟಿ ಪ್ಲಾನ್ ಅಂಡ್ ಬಜೆಟ್‌ನ ಕರಡನ್ನು ಸದಸ್ಯರ ಮುಂದಿಡುತ್ತದೆ.” ‘ಯೋಜನೆ’ ಅಂತ ಹಾಕಿದರೆ ಪ್ಲಾನೋ, ಪ್ರಾಜೆಕ್ಟೋ, ಸರ್ಕಾರದ ಸ್ಕೀಮೋ ಗೊತ್ತಾಗುವುದಿಲ್ಲ. ಮುಂದಿನ ಪುಟದಲ್ಲೇ ಶುಲ್ಕದ ‘ಚಾರ್ಜಿಂಗ್ ಸ್ಕೀಮ್’ ಬೇರೆ ಬರುತ್ತದೆ. ಎರಡಕ್ಕೂ ಯೋಜನೆ ಅಂದರೆ ಓದುವವರು ದಾರಿ ತಪ್ಪುತ್ತಾರೆ. ಇನ್ನು ಫ್ಲೆಕ್ಸಿಗೆ ‘ಮೆಂಬರ್-ರನ್ ಇಂಟರ್ನೆಟ್ ನಂಬರ್ ರಿಜಿಸ್ಟ್ರಿ’ ಅನ್ನುವುದಕ್ಕೆ ರಸ್ತೆಯಲ್ಲಿ ಹೋಗುವವರಿಗೂ ಅರ್ಥ ಆಗುವ ಮಾತು ಬೇಕು. ದಯವಿಟ್ಟು ಬೇಗ ಹೇಳಿ.

ಮೈಸೂರು, ಸರಸ್ವತಿಪುರಂನಿಂದ:

ಹಮ್ಮುಗೆ. ಉಡು-ಉಡುಗೆ, ತೊಡು-ತೊಡುಗೆ, ಹಮ್ಮು-ಹಮ್ಮುಗೆ. “ಕಾರ್ಯಕ್ರಮ ಹಮ್ಮಿಕೊಂಡಿದ್ದಾರೆ” ಅಂತ ಪೇಪರಿನಲ್ಲಿ ದಿನಾ ಓದುತ್ತೀರಿ. ಅದೇ ಧಾತು. ‘ಯೋಜನೆ’ ಸಂಸ್ಕೃತ, ಅದರ ಮೂರು ಅರ್ಥದ ಗೋಜಲೂ ಹಾಗೇ ಬಂದಿದೆ. ಕನ್ನಡದ್ದೇ ಧಾತು ಕೈಯಲ್ಲಿರುವಾಗ ಸಾಲ ತರುವ ಅಗತ್ಯ ಏನು? ಆಕ್ಟಿವಿಟಿ ಪ್ಲಾನ್ ಅಂದರೆ ‘ಕೆಲಸದ ಹಮ್ಮುಗೆ’. ಬಜೆಟ್ ಅಂದರೆ ‘ಮುಂಗಡಲೆಕ್ಕ’. ಇಂಟರ್ನೆಟ್ಟಿಗೆ ಮಿಂಬಲೆ ಇದ್ದೇ ಇದೆ. ರಿಜಿಸ್ಟ್ರಿಗೆ ನೋಂದಣಿ, ಅದರ ಬಗ್ಗೆ ಚರ್ಚೆ ಬೇಕಿಲ್ಲ.

ಮದ್ದೂರಿನಿಂದ:

ಮೇಷ್ಟ್ರೇ, ಹಮ್ಮಿಕೊಳ್ಳುವುದು ಗೊತ್ತು. ಹಮ್ಮು ಅಂದರೆ ನಮ್ಮ ಊರಿನಲ್ಲಿ ಜಂಬ. “ಕೆಲಸದ ಹಮ್ಮುಗೆ” ಓದಿದವರು ಯಾರಿಗೋ ಕೆಲಸದ ಹಮ್ಮು ಬಂದಿದೆ ಅಂದುಕೊಳ್ಳುತ್ತಾರೆ. ಫೈಬರ್ ಎಳೆಯುವವರಿಗೆ ಇದನ್ನು ಕೊಡಬೇಡಿ.

ನಾನು ಹಾಲಿನ ಸಂಘದ ಲೆಕ್ಕ ನೋಡುವವನು. ಸದಸ್ಯರೇ ನಡೆಸುವ ಸಂಸ್ಥೆಗೆ ಬೇಕಾದ ಮಾತೆಲ್ಲ ಸಹಕಾರ ಸಂಘಗಳಲ್ಲಿ ಆಗಲೇ ಇವೆ. ಗದಗದ ಹತ್ತಿರ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ನೂರು ವರ್ಷದ ಮೇಲಾಯಿತು. ಆಡಳಿತ ಮಂಡಳಿ, ಸರ್ವಸದಸ್ಯರ ಸಭೆ, ಕರಡು, ಠರಾವು, ಆಯವ್ಯಯ ಅಂದಾಜು ಪಟ್ಟಿ. ಆಕ್ಟಿವಿಟಿ ಪ್ಲಾನಿಗೆ ‘ವಾರ್ಷಿಕ ಕ್ರಿಯಾ ಯೋಜನೆ’ ಅನ್ನಿ. ಗ್ರಾಮ ಪಂಚಾಯ್ತಿಗೆ ಒಂದು ಸಲ ಹೋದವರಿಗೂ ಕ್ರಿಯಾ ಯೋಜನೆ ಅಂದರೇನು ಅಂತ ಗೊತ್ತು. ಯಾವ ಕೆಲಸ, ಎಷ್ಟು ದುಡ್ಡು, ಯಾವ ವರ್ಷ. ಹಿಂದೆ ‘ಕ್ರಿಯಾ’ ಇರುವುದರಿಂದ ಸ್ಕೀಮ್ ಜೊತೆ ಗೊಂದಲವೂ ಇಲ್ಲ.

ವಾಕ್ಯ ಹೀಗೆ ಬರೆಯಿರಿ: “ವಾರ್ಷಿಕ ಕ್ರಿಯಾ ಯೋಜನೆ ಮತ್ತು ಆಯವ್ಯಯಕ್ಕೆ ಸರ್ವಸದಸ್ಯರ ಸಭೆಯ ಒಪ್ಪಿಗೆ ಪಡೆಯಲಾಗುತ್ತದೆ.” ಮುಗಿಯಿತು.

ಮೈಸೂರು, ಕುವೆಂಪುನಗರದಿಂದ:

‘ನೋಂದಣಿ’ ಬಗ್ಗೆ ಚರ್ಚೆ ಬೇಕಿಲ್ಲ ಅಂದರಲ್ಲ, ಸಾರ್, ಅದು ಮರಾಠಿ. ಅಲ್ಲಿ ಇವತ್ತಿಗೂ ರಿಜಿಸ್ಟ್ರೇಷನ್ನಿಗೆ ನೋಂದಣಿ ಅಂತಲೇ ಹೇಳುತ್ತಾರೆ. ಮರಾಠಿಯಿಂದ ಬಂದದ್ದು ಕನ್ನಡವಾಗಿಬಿಡುತ್ತದೆ, ಸಂಸ್ಕೃತದಿಂದ ಬಂದ ‘ಯೋಜನೆ’ ಮಾತ್ರ ಹೊರಗಿನದ್ದು ಅನ್ನುವ ನಿಯಮ ಎಲ್ಲಿದೆ?

ನಮ್ಮ ಲೆಕ್ಕದ ಪುಸ್ತಕ ತೆಗೆದು ನೋಡಿ. ಜಮಾ, ಖರ್ಚು, ಬಾಕಿ, ವಸೂಲಿ, ಸರ್ಕಾರ. ಎಲ್ಲ ಪಾರಸಿ, ಅರಬ್ಬಿಯಿಂದ ಬಂದವು. ಮದ್ದೂರಿನವರು ಹೇಳಿದ ಠರಾವೂ ಹೊರಗಿನಿಂದ ಬಂದದ್ದೇ. ಬಿಜಾಪುರದವರು, ಮರಾಠರು, ಹೈದರ್, ಟಿಪ್ಪು, ಆಮೇಲೆ ಇಂಗ್ಲಿಷರು. ಕಂದಾಯ ಎತ್ತಿದವರ ಮಾತು ದಫ್ತರದಲ್ಲಿ ಉಳಿಯಿತು. ಹಾಗೆಯೇ ಇಂಟರ್ನೆಟ್, ನಂಬರ್, ರಿಜಿಸ್ಟ್ರಿ ಕೂಡ ಉಳಿಯುತ್ತವೆ. ಫ್ಲೆಕ್ಸಿನಲ್ಲಿ ಮಿಂಬಲೆ ಅಂತ ಹಾಕಿದರೆ ಭಾನುವಾರ ಒಬ್ಬರೂ ಬರುವುದಿಲ್ಲ.

ಸರಸ್ವತಿಪುರಂನಿಂದ:

ನೋಂದಣಿ ಬೇಡವಾದರೆ ಬಿಡಿ. ‘ಬರೆದಿಡುಮನೆ’ ಅನ್ನಿ.

ಗೆದ್ದವರ ಮಾತು ದಫ್ತರದಲ್ಲಿ ಉಳಿಯಿತು ಅಂತ ನೀವೇ ಒಪ್ಪಿಕೊಂಡಿರಿ. ಅದು ಹೆಮ್ಮೆಪಡುವ ವಿಷಯವಾ? ಇಂಟರ್ನೆಟ್ಟನ್ನು ಯಾರೂ ದಂಡೆತ್ತಿ ಬಂದು ನಮ್ಮ ಮೇಲೆ ಹೇರಿಲ್ಲ. ನಮ್ಮ ಹುಡುಗರೇ ಕಂಬ ಹತ್ತಿ ತಂತಿ ಎಳೆದು ತಂದಿದ್ದಾರೆ. ನಾವೇ ತಂದುಕೊಂಡದ್ದಕ್ಕೆ ನಾವೇ ಹೆಸರಿಡಬೇಕು. ಮೊದಲ ದಿನ ಎಲ್ಲ ಹೊಸ ಪದವೂ ಬಾಯಿಗೆ ಒರಟೇ. ಬಳಸದೆ ಯಾವ ಪದವೂ ನಯವಾಗುವುದಿಲ್ಲ.

ಕುವೆಂಪುನಗರದಿಂದ:

‘ಬರೆದಿಡುಮನೆ’ಯನ್ನು ಚರ್ಚಿಸಲಾರೆ.

ಮಂಡ್ಯದಿಂದ:

ದಯವಿಟ್ಟು ಎರಡೂ ಕಡೆಯವರು ಸ್ವಲ್ಪ ತಡೆಯಿರಿ. ಕ್ರಿಯಾ ಯೋಜನೆ ನನಗೆ ಹಿಡಿಸಿತು. ‘ಚಾರ್ಜಿಂಗ್ ಸ್ಕೀಮ್’ ಇನ್ನೂ ಯಾರೂ ಮುಟ್ಟಿಲ್ಲ. ಇನ್ನೊಂದು: ಆ ಕ್ರಿಯಾ ಯೋಜನೆಯಲ್ಲಿ ಒಂದೊಂದು ಕೆಲಸದ ಮುಂದೆಯೂ ದುಡ್ಡಿನ ಅಂಕಿ ಇರುತ್ತದೆ, ಪಕ್ಕದಲ್ಲಿ ಅದಕ್ಕೆ ಎಷ್ಟು ಜನ ಅಂತ ಇರುತ್ತದೆ. ಆ ಜನದ ಅಂಕಿಯಲ್ಲಿ ಕಾಲು, ಅರ್ಧ ಎಲ್ಲ ಬರುತ್ತವೆ. ಒಬ್ಬರೇ ಎರಡು ಮೂರು ಕೆಲಸಕ್ಕೆ ಹಂಚಿಹೋಗಿರುತ್ತಾರೆ. ಆ ಕಾಲಮ್ಮಿಗೆ ಏನು ಹೆಸರು?

ಶ್ರೀರಂಗಪಟ್ಟಣದಿಂದ:

ನಾನು ನೆಟ್‌ವರ್ಕ್ ಕೆಲಸದವಳು, ಪದಶಾಸ್ತ್ರದವಳಲ್ಲ. ಆದರೆ ಮದ್ದೂರಿನವರ ವಾಕ್ಯ ಹಾಗೇ ಅಚ್ಚಾದರೆ ಭಾನುವಾರ ನೂರಾರು ಜನಕ್ಕೆ ಸುಳ್ಳು ಹೇಳಿದಂತಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ರೈಪ್ ಎನ್‌ಸಿಸಿಯಲ್ಲಿ ಕ್ರಿಯಾ ಯೋಜನೆ ಮತ್ತು ಬಜೆಟ್‌ಗೆ ಸದಸ್ಯರು ಮತ ಹಾಕುವುದಿಲ್ಲ. ಕರಡು ಹೊರಗೆ ಬರುವುದು ಅವರ ಶರತ್ಕಾಲಕ್ಕೆ. ಸದಸ್ಯರು ಓದುತ್ತಾರೆ, ಪ್ರಶ್ನೆ ಕೇಳುತ್ತಾರೆ, ಜಗಳವನ್ನೂ ಆಡುತ್ತಾರೆ. ಆಮೇಲೆ ಡಿಸೆಂಬರಿನಲ್ಲಿ ಅದನ್ನು ಅಂಗೀಕರಿಸುವುದು ಆಡಳಿತ ಮಂಡಳಿ. ಸದಸ್ಯರ ಮತ ಬೀಳುವುದು ಬೇರೆ ವಿಷಯಗಳ ಮೇಲೆ. ಮಂಡಳಿಗೆ ಯಾರು ಹೋಗಬೇಕು, ಹೋದ ವರ್ಷದ ಲೆಕ್ಕ ಒಪ್ಪಬೇಕಾ, ಮಿಕ್ಕ ಹಣ ಸದಸ್ಯರಿಗೆ ವಾಪಸ್ ಕೊಡಬೇಕಾ ಇಟ್ಟುಕೊಳ್ಳಬೇಕಾ, ಮತ್ತು ಮುಖ್ಯವಾಗಿ ಮುಂದಿನ ವರ್ಷದ ಶುಲ್ಕ ಎಷ್ಟು. ಶುಲ್ಕದ ಮತ ವಸಂತದ ಸಭೆಯಲ್ಲೇ ಆಗಿಹೋಗಿರುತ್ತದೆ. ಖರ್ಚಿನ ಕರಡು ಬರುವುದು ಅದಾದ ಎಷ್ಟೋ ತಿಂಗಳ ಮೇಲೆ. ಅಂದರೆ ಸದಸ್ಯರ ಕೈಯಲ್ಲಿರುವುದು ಒಳಗೆ ಬರುವ ದುಡ್ಡಿನ ನಲ್ಲಿ. ಸಣ್ಣ ಆಪರೇಟರ್‌ಗೆ ತಿಳಿಯಬೇಕಾದದ್ದೇ ಇದು, ಅಲ್ವಾ? ಆದ್ದರಿಂದ ಯೋಜನೆಗೆ ‘ಸದಸ್ಯರೊಂದಿಗೆ ಚರ್ಚಿಸಿ ಮಂಡಳಿ ಅಂಗೀಕರಿಸುತ್ತದೆ’, ಶುಲ್ಕಕ್ಕೆ ‘ಸದಸ್ಯರು ಮತ ಹಾಕಿ ತೀರ್ಮಾನಿಸುತ್ತಾರೆ’. ಈ ಎರಡು ಕ್ರಿಯಾಪದ ಅದಲು ಬದಲಾಗಬಾರದು. ಮಿಕ್ಕ ಹಣಕ್ಕೆ ಹಾಲಿನ ಸಂಘದ ‘ಲಾಭಾಂಶ’ ಕೂಡ ಹಾಕಬೇಡಿ. ಲಾಭಕ್ಕೆ ಇರುವ ಸಂಸ್ಥೆಯೇ ಅಲ್ಲ ಅದು. ಷೇರೂ ಇಲ್ಲ, ಷೇರುದಾರರೂ ಇಲ್ಲ. ಬರೀ ಸದಸ್ಯರು, ಒಬ್ಬೊಬ್ಬರಿಗೆ ಒಂದೊಂದು ಮತ.

ಈಗ ‘ಚಾರ್ಜಿಂಗ್ ಸ್ಕೀಮ್’. ಇದಕ್ಕೆ ನಮ್ಮಲ್ಲಿ ಎರಡು ಮಾತು ಇವೆ. ಎರಡೂ ಬೇಕು. ಮಾರಿಹಬ್ಬಕ್ಕೆ ಮನೆಗಿಷ್ಟು ಅಂತ ಎತ್ತುವುದು ವಂತಿಗೆ. ತೊಟ್ಟಿಮನೆಗೂ ಅಷ್ಟೇ, ಒಂದಂಕಣದ ಮನೆಗೂ ಅಷ್ಟೇ. ಜಮೀನು ಎಷ್ಟಿದೆಯೋ ಅದರ ಮೇಲೆ ಕಟ್ಟುವುದು ಕಂದಾಯ. ರೈಪ್ ಎನ್‌ಸಿಸಿಯದು ವಂತಿಗೆ. ಒಂದು ಖಾತೆಗೆ ಇಷ್ಟು ಅಂತ ಎಲ್ಲರಿಗೂ ಒಂದೇ. 2022ರಲ್ಲಿ 1,400 ಯೂರೋ ಇದ್ದದ್ದು 2025ಕ್ಕೆ 1,800 ಆಯಿತು. ಬಿಡಿಯಾಗಿ ಪಡೆದ ವಿಳಾಸಕ್ಕೆ ಸ್ವಲ್ಪ ಮೇಲೆ ಬೀಳುತ್ತದೆ, ಅದು ಸಣ್ಣದು. ಏಪಿನಿಕ್‌ನದು ಕಂದಾಯದ ರೀತಿ. ಹಿಡಿದಿರುವ ವಿಳಾಸ ಜಾಸ್ತಿಯಾದಂತೆ ಕಟ್ಟುವುದೂ ಜಾಸ್ತಿ. ಆಮ್‌ಸ್ಟರ್‌ಡ್ಯಾಮಿನ ಸದಸ್ಯರು ವರ್ಷಗಳಿಂದ ಕಿತ್ತಾಡುತ್ತಿರುವುದು ಇದಕ್ಕೇ. ಲಕ್ಷಗಟ್ಟಲೆ ವಿಳಾಸ ಇಟ್ಟುಕೊಂಡ ದೊಡ್ಡ ಕಂಪನಿಗೂ 256 ವಿಳಾಸದ ಸಣ್ಣವನಿಗೂ ಒಂದೇ ಶುಲ್ಕ ನ್ಯಾಯವಾ ಅಂತ. ನಿಮ್ಮ ಪುಸ್ತಕದಲ್ಲಿ ‘ಶುಲ್ಕ ಯೋಜನೆ’ ಅಂತ ಹಾಕಿದರೆ ಈ ಜಗಳ ಕಾಣಿಸುವುದೇ ಇಲ್ಲ. ‘ವಂತಿಗೆಯೋ ಕಂದಾಯವೋ’ ಅಂದರೆ ಮಂಡ್ಯದವರು ಎದ್ದು ನಿಂತು ಪ್ರಶ್ನೆ ಕೇಳುತ್ತಾರೆ.

ಜನದ ಕಾಲಮ್ಮಿಗೆ ‘ಆಳಿನ ಲೆಕ್ಕ’. ಗದ್ದೆ ಕೆಲಸದಲ್ಲಿ ಅರ್ಧ ಆಳು ಅನ್ನುವುದು ಹೊಸದೇನಲ್ಲ.

ಮದ್ದೂರಿನಿಂದ:

ಮೇಡಂ, ಒಪ್ಪಿದೆ. ಒಪ್ಪಿಗೆ, ಅಂಗೀಕಾರದ ವ್ಯತ್ಯಾಸ ಸರಿ. ನಮ್ಮಲ್ಲಿ ಆಯವ್ಯಯ ಸಭೆಯ ಮುಂದೆ ಬರುತ್ತದೆ, ಆ ಅಭ್ಯಾಸದಲ್ಲಿ ಬರೆದಿದ್ದೆ. ಆದರೆ ‘ಆಳು’ ಬೇಡ. ಇಂಜಿನಿಯರ್‌ಗಳನ್ನು ಆಳು ಅಂದರೆ ಕೆಲವರಿಗೆ ನೋವಾಗುತ್ತದೆ. ‘ಸಿಬ್ಬಂದಿ ಲೆಕ್ಕ’ ಸಾಕು, ಅರ್ಧ ಕಾಲು ಅದರಲ್ಲೇ ಬರಲಿ.

ಸರಸ್ವತಿಪುರಂನಿಂದ:

ವಂತಿಗೆ ಒಳ್ಳೆಯ ಪದ. ಪಕ್ಕದಲ್ಲೇ ಕಂದಾಯ ನಿಲ್ಲಿಸಿದ್ದು ಇನ್ನೂ ಒಳ್ಳೆಯದು. ಊರಿನ ಬಾಯಲ್ಲಿ ಇರುವುದನ್ನು ಹೀಗೆ ಹುಡುಕಿ ತೆಗೆಯಬೇಕು ಅಂತಲೇ ನಾನು ಹೇಳುತ್ತಾ ಬಂದಿರುವುದು. ‘ನಂಬರ್’ ಮಾತ್ರ ಬೇಡ. ‘ಐಪಿ ವಿಳಾಸ ನೋಂದಣಿ’ ಅಂದರೆ ಕೆಲಸ ನಡೆಯುತ್ತದೆ. ವಿಳಾಸ ಎಲ್ಲರಿಗೂ ಗೊತ್ತು.

ಶ್ರೀರಂಗಪಟ್ಟಣದಿಂದ:

ನಡೆಯುವುದಿಲ್ಲ ಸಾರ್. ಈ ಸಂಸ್ಥೆಗಳು ವಿಳಾಸ ಒಂದನ್ನೇ ಕೊಡುವುದಲ್ಲ, ಒಂದೊಂದು ನೆಟ್‌ವರ್ಕನ್ನು ಗುರುತಿಸುವ ಎಎಸ್ ನಂಬರನ್ನೂ ಕೊಡುತ್ತವೆ. ‘ವಿಳಾಸ’ ಅಂದರೆ ಅದು ಬಿಟ್ಟುಹೋಗುತ್ತದೆ. ನಂಬರ್ ಇರಲಿ.

‘ನೋಂದಣಿ’ಯೂ ಇರಲಿ, ಮರಾಠಿಯಿಂದ ಬಂದಿದ್ದರೂ. ಹಳೇ ಮಾದರಿಯ (ಐಪಿವಿ4) ವಿಳಾಸಗಳು ಒಟ್ಟು ಸುಮಾರು 429 ಕೋಟಿ. ರೈಪ್ ಎನ್‌ಸಿಸಿ ಹತ್ತಿರ ಇದ್ದದ್ದು 2019ರ ನವೆಂಬರ್ 25ಕ್ಕೆ ಮುಗಿದುಹೋಯಿತು. ಈಗ ಯಾರಾದರೂ ವಾಪಸ್ ಕೊಟ್ಟರೆ ಕಾಯುತ್ತಿರುವವರಿಗೆ 256ರ ಒಂದು ಕಟ್ಟು. ಹಂಚುವುದಕ್ಕೆ ಜಾಸ್ತಿ ಉಳಿದಿಲ್ಲ. ಯಾವ ನಂಬರ್ ಯಾರ ಹೆಸರಲ್ಲಿದೆ ಅನ್ನುವ ಪುಸ್ತಕ ಸರಿಯಾಗಿಡುವುದೇ ಈಗ ದೊಡ್ಡ ಕೆಲಸ. ಆ ಕ್ರಿಯಾ ಯೋಜನೆ ಓದಿದರೂ ಅದೇ ಕಾಣುತ್ತದೆ. ದಾಖಲೆ, ಅದರ ಭದ್ರತೆ, ವೆಬ್ ಹೆಸರುಗಳಿಗೆ ದಾರಿ ತೋರಿಸುವ ಕೆ-ರೂಟ್ ಸರ್ವರ್, ತರಬೇತಿ, ಇಂಟರ್ನೆಟ್ ಹೇಗೆ ನಡೆಯುತ್ತಿದೆ ಅಂತ ಅಳೆಯುವ ‘ಅಟ್ಲಾಸ್’. ‘ಹಂಚಿಕೆ ಸಂಸ್ಥೆ’ ಅನ್ನಬೇಡಿ. ನೋಂದಣಿ ಅನ್ನಿ. ಆದರೆ ಫ್ಲೆಕ್ಸಿನಲ್ಲಿ ‘ನೋಂದಣಿ ಕಚೇರಿ’ ಆಗದಿರಲಿ, ಸೈಟು ರಿಜಿಸ್ಟರ್ ಮಾಡಿಸುವವರು ಬಂದು ಸಾಲು ನಿಲ್ಲುತ್ತಾರೆ.

ಮಂಡ್ಯದಿಂದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಿಟಿಪಿಗೆ ಹೋಗುವುದು ಇದು.

ಫ್ಲೆಕ್ಸ್: “ಇಂಟರ್ನೆಟ್ ನಂಬರ್ ನೋಂದಣಿ ಸಂಘ: ಸದಸ್ಯರೇ ನಡೆಸುವುದು”.

ಒಳಪುಟ: “ಆಡಳಿತ ಮಂಡಳಿಯು 2025-26ನೇ ಸಾಲಿನ ವಾರ್ಷಿಕ ಕ್ರಿಯಾ ಯೋಜನೆ ಮತ್ತು ಬಜೆಟ್‌ನ ಕರಡನ್ನು ಸದಸ್ಯರ ಮುಂದಿಡುತ್ತದೆ. ಸದಸ್ಯರ ಜೊತೆ ಚರ್ಚೆಯಾದ ಮೇಲೆ ಡಿಸೆಂಬರಿನಲ್ಲಿ ಮಂಡಳಿ ಅದನ್ನು ಅಂಗೀಕರಿಸುತ್ತದೆ. ವಾರ್ಷಿಕ ವಂತಿಗೆ ಎಷ್ಟು ಎಂಬುದನ್ನು ಮಾತ್ರ ಸದಸ್ಯರೇ ಮತ ಹಾಕಿ ತೀರ್ಮಾನಿಸುತ್ತಾರೆ.”

ಏಪಿನಿಕ್ ಬರುವ ಕಡೆ ‘ಶುಲ್ಕ’ ಅಂತಲೇ ಇಟ್ಟು, ವಂತಿಗೆ-ಕಂದಾಯದ ವಿವರಣೆ ಒಂದು ಪ್ಯಾರಾ ಸೇರಿಸುತ್ತೇನೆ. ಆಯವ್ಯಯಕ್ಕೆ ಬದಲು ಬಜೆಟ್ ಇಟ್ಟದ್ದು ಎಲ್ಲರೂ ಅದನ್ನೇ ಅನ್ನುವುದರಿಂದ.

ಕುವೆಂಪುನಗರದಿಂದ:

‘ಮಾತ್ರ’ ತೆಗೆಯಿರಿ. ಮಂಡಳಿಯ ಚುನಾವಣೆಗೂ ಲೆಕ್ಕಕ್ಕೂ ಮತ ಇದೆ ಅಂತ ಅವರೇ ಹೇಳಿದ್ದಾರೆ.

ಮದ್ದೂರಿನಿಂದ:

‘2025-26ನೇ ಸಾಲಿನ’ ಅನ್ನುವುದನ್ನೂ ತೆಗೆಯಿರಿ. ಏಪ್ರಿಲ್‌ನಿಂದ ಮಾರ್ಚ್ ನಮ್ಮ ಲೆಕ್ಕ. ಅವರದು ಜನವರಿಯಿಂದ ಡಿಸೆಂಬರ್. ಬರೀ ‘2026ರ’ ಅನ್ನಿ.